ನಲ್ಲಿಯಣ್ಣ ನಿದ್ದೆ ಮಾಡದ ಭಾನುವಾರ

ಎಲ್ಲ ಅನಾಹುತಕ್ಕೂ ಕಾರಣ ಒಂದೇ. ಆ ಭಾನುವಾರ ಚರ್ಚಿನಲ್ಲಿ ನಲ್ಲಿಯಣ್ಣ ಪಾಸ್ಟರ ಪ್ರಸಂಗದ ಹೊತ್ತಿನಲ್ಲಿ ನಿದ್ದೆ ಮಾಡಲಿಲ್ಲ.

ಸಾಮಾನ್ಯವಾಗಿ ಪಾಸ್ಟರು ಕನ್ನಡಕ ಏರಿಸಿ "ಪ್ರಿಯರೇ" ಎನ್ನುವಷ್ಟರಲ್ಲಿ ಅವನ ಕಣ್ಣು ಮುಚ್ಚುತ್ತಿತ್ತು, "ಆಮೆನ್" ಎನ್ನುವಷ್ಟರಲ್ಲಿ ತೆರೆಯುತ್ತಿತ್ತು. ವಾರವಿಡೀ ಊರವರ ಕೊಳಾಯಿ ರಿಪೇರಿ ಮಾಡಿ ದಣಿದ ಮನುಷ್ಯ. ದೇವರು ಕೂಡ ಅದನ್ನು ದೊಡ್ಡದು ಮಾಡಿರಲಾರ. ಆದರೆ ಆ ದಿನ ಹೆಂಡತಿ ಪಕ್ಕೆಗೆ ತಿವಿದು ತಿವಿದು ಎಬ್ಬಿಸಿದಳು.

"ಕಣ್ಣು ಬಿಡ್ರೀ. ಇವತ್ತು ನಿಮಗೇ ಹೇಳ್ತಿರೋದು."

ಪಾಸ್ಟರು ಹೇಳುತ್ತಿದ್ದದ್ದು ಇಷ್ಟು. ಮನುಷ್ಯನಿಗೆ ರಕ್ಷಣೆ ಸಿಗುವುದು ಕೃಪೆಯಿಂದ, ನಂಬಿಕೆಯ ಮೂಲಕ. ಸತ್ಕ್ರಿಯೆಗಳನ್ನು ಗುಡ್ಡೆ ಹಾಕಿ ಅದನ್ನು ಕೊಂಡುಕೊಳ್ಳಲು ಆಗುವುದಿಲ್ಲ. ಬೇಕಾದರೆ ಕರ್ತನ ಪಕ್ಕದ ಶಿಲುಬೆಯ ಮೇಲಿದ್ದ ಆ ಕಳ್ಳನನ್ನು ನೋಡಿ. ಒಳ್ಳೆಯ ಕೆಲಸ ಮಾಡುವುದಕ್ಕೆ ಅವನಿಗೆ ಕೈಯಾದರೂ ಬಿಡುವಿತ್ತೇ? ನನ್ನನ್ನು ನೆನಪಿಟ್ಟುಕೋ ಅಂದ, ಅಷ್ಟೇ. ಅದೇ ದಿನ ಸ್ವರ್ಗದ ಒಳಗೆ ಹೋದ.

"ಕೆಲವರಿದ್ದಾರೆ, ಊರಿಗೆಲ್ಲ ಉಪಕಾರ ಮಾಡಿ ಸ್ವರ್ಗಕ್ಕೆ ಏಣಿ ಹಾಕ್ತೀವಿ ಅಂದ್ಕೊಂಡಿದ್ದಾರೆ." ಪಾಸ್ಟರು ನಲ್ಲಿಯಣ್ಣನ ಬೆಂಚಿನ ಕಡೆಗೇ ನೋಡಿದರು. "ಬೇಡ ಪ್ರಿಯರೇ. ಸುಮ್ಮನೆ ನಂಬಿ. ನಂಬಿ, ನೇರ ಮನೆಗೆ ಹೋಗಿ."

ನಲ್ಲಿಯಣ್ಣನಿಗೆ ಮೈ ಜುಂ ಎಂದಿತು. ನಲವತ್ತು ದಾಟಿದ ಮೇಲೆ ಅವನಿಗೆ ಇಷ್ಟು ಒಳ್ಳೆಯ ಸುದ್ದಿಯನ್ನು ಯಾರೂ ಹೇಳಿರಲಿಲ್ಲ.

ಯಾಕೆಂದರೆ ಅವನು ಊರಿಗೆಲ್ಲ ಬಿಟ್ಟಿಯಾಗಿ ನಲ್ಲಿ ರಿಪೇರಿ ಮಾಡಿಕೊಡುತ್ತಿದ್ದದ್ದು ಬರೀ ಒಳ್ಳೆಯತನದಿಂದಲ್ಲ. ಭಯದಿಂದ. ಕಡೆಯ ದಿನ ದೇವರು ಲೆಕ್ಕ ಕೇಳುವಾಗ ತಾನು ರಿಪೇರಿಗೆ ಒಲ್ಲೆನೆಂದ ಒಂದೇ ಒಂದು ನಲ್ಲಿ ಎದುರಿಗೆ ಬಂದು ತೊಟಕ್ ತೊಟಕ್ ಎಂದು ಸಾಕ್ಷಿ ಹೇಳಿಬಿಟ್ಟರೆ? ಈ ಭಯ ಸಭೆಯವರಿಗೆಲ್ಲ ಚೆನ್ನಾಗಿ ಗೊತ್ತಿತ್ತು. ಆರಾಧನೆ ಮುಗಿದ ಮೇಲೆ ಬಾಗಿಲಲ್ಲಿ ಎಲ್ಲರೂ ಕೈ ಕುಲುಕುವುದು ಅಲ್ಲಿನ ಪದ್ಧತಿ. ಬೇರೆಯವರ ಕೈ ಕುಲುಕಿ "ದೇವರಿಗೆ ಸ್ತೋತ್ರ" ಎನ್ನುವವರು ನಲ್ಲಿಯಣ್ಣನ ಕೈ ಹಿಡಿದಾಗ ಮಾತ್ರ "ಸ್ತೋತ್ರ ಅಣ್ಣ, ನಮ್ಮ ಸಿಂಕು" ಎನ್ನುತ್ತಿದ್ದರು.

ಇತ್ತ ಅವನ ಸ್ವಂತ ಮನೆಯ ಬಚ್ಚಲಲ್ಲಿ ಗೋಡೆ ಒಡೆದು, ಪೈಪು ಬಿಚ್ಚಿ, ಮೂರು ವಾರದಿಂದ ಹಾಗೇ ಬಿಟ್ಟಾಗಿತ್ತು. ಆ ಸಂಜೆ ಅತ್ತೆ ಬರುವವರಿದ್ದರು, ಇನ್ನು ಮುಂದೆ ಇಲ್ಲೇ ಇರುವುದಕ್ಕೆ. ಸೊಂಟ ಮುರಿದು ಈಗಷ್ಟೇ ಕೋಲು ಹಿಡಿದು ನಡೆಯುತ್ತಿದ್ದ ಜೀವ. ಕರೆದುಕೊಂಡು ಬರುವವಳು ನಾದಿನಿ. ಅವಳ ಬಚ್ಚಲು ಎಷ್ಟು ಫಳಫಳ ಎನ್ನುತ್ತದೆಂದರೆ ಒಳಗೆ ಹೋಗುವ ಮುಂಚೆ ಸ್ನಾನ ಮಾಡಬೇಕು ಅನಿಸುತ್ತದೆ. "ಅಕ್ಕಾ, ಬಂದ ತಕ್ಷಣ ಬಚ್ಚಲು ನೋಡ್ತೀನಿ. ನೀರಿಲ್ಲ ಅಂದ್ರೆ ಅಮ್ಮನ್ನ ವಾಪಸ್ ನಮ್ಮನೆಗೇ ಕರ್ಕೊಂಡು ಹೋಗ್ತೀನಿ" ಎಂದು ಫೋನಿನಲ್ಲಿ ಹೇಳಿದ್ದಳು. ಅಂದಿನಿಂದ ಹೆಂಡತಿ ಅಮ್ಮನ ಮಂಚಕ್ಕೆ ಹೊಸ ಹೊದಿಕೆ ಹಾಸುವುದು, ಬಚ್ಚಲಿಗೆ ಇಣುಕುವುದು, ಕಣ್ಣೊರೆಸಿಕೊಳ್ಳುವುದು, ಇಷ್ಟೇ ಮಾಡುತ್ತಿದ್ದಳು.

ಬಾಗಿಲಲ್ಲಿ ಮೊದಲು ಸಿಕ್ಕವರು ಹಾಡಿನ ಚಿಕ್ಕಮ್ಮ. ಗಾಯನ ಮಂಡಳಿಯ ಯಜಮಾನಿ, ನಲ್ಲಿಯಣ್ಣನ ಕಟ್ಟಡದಲ್ಲೇ ಮೇಲಿನ ಮಹಡಿಯಲ್ಲಿ ವಾಸ.

"ಸ್ತೋತ್ರಪ್ಪಾ. ನಮ್ಮ ಸಿಂಕು ಮತ್ತೆ ಕಟ್ಕೊಂಡಿದೆ."

"ಸ್ತೋತ್ರ ಚಿಕ್ಕಮ್ಮ. ನಾನು ಬರಲ್ಲ."

ಚಿಕ್ಕಮ್ಮನ ಕೈ ಕುಲುಕಾಟದ ಮಧ್ಯದಲ್ಲೇ ನಿಂತುಹೋಯಿತು. "ಯಾಕಪ್ಪಾ, ಮೈಗೆ ಹುಷಾರಿಲ್ವಾ?"

"ಪ್ರಸಂಗ ಕೇಳಿದ್ರಲ್ಲ? ಸತ್ಕ್ರಿಯೆಯಿಂದ ಏನೂ ಆಗಲ್ವಂತೆ. ಆ ಕಳ್ಳ ಯಾರ ಸಿಂಕು ರಿಪೇರಿ ಮಾಡಿದ್ದ ಹೇಳಿ?"

ಇಷ್ಟು ಹೇಳಿ ನಲ್ಲಿಯಣ್ಣ ಹೆಂಡತಿಯ ಕೈ ಹಿಡಿದು ಮೆಟ್ಟಿಲಿಳಿದ. ಹೆಂಡತಿಯ ಮುಖ ಅರಳಿತ್ತು. ತಿರುಗಿ ಪಾಸ್ಟರ ಕಡೆ ನೋಡಿ ಸಣ್ಣಗೆ ತಲೆಯಾಡಿಸಿದಳು. ಒಳ್ಳೆಯ ಪ್ರಸಂಗಕ್ಕೆ ಕೃತಜ್ಞತೆ ಇರಬೇಕು ಎಂದು ಅವನು ಅಂದುಕೊಂಡ.

ಮನೆಗೆ ಬಂದವನೇ ಪೈಪು ಬಿಗಿಯುವ ಪಾನಾ ಹಿಡಿದು ಬಚ್ಚಲು ಹೊಕ್ಕ. ಪೈಪು ಜೋಡಿಸಬೇಕಾದರೆ ಮೆಟ್ಟಿಲ ಬುಡದಲ್ಲಿರುವ ದೊಡ್ಡ ವಾಲ್ವ್ ಮುಚ್ಚಬೇಕು, ಮುಚ್ಚಿದರೆ ಇಡೀ ಕಟ್ಟಡಕ್ಕೆ ನೀರಿಲ್ಲ. ಬೇರೆ ದಿನವಾಗಿದ್ದರೆ ಮನೆಮನೆಗೆ ಹೋಗಿ ಕ್ಷಮೆ ಕೇಳಿ ಮುಚ್ಚುತ್ತಿದ್ದ. ಅಂದು ಕೃಪೆ ಸಿಕ್ಕ ಹುಮ್ಮಸ್ಸಿನಲ್ಲಿ ಯಾರನ್ನೂ ಕೇಳದೆ ಮುಚ್ಚಿದ.

ಸ್ವಲ್ಪ ಹೊತ್ತಿಗೆ ಬಾಗಿಲು ಬಡಿದ ಸದ್ದು. ಎದುರುಮನೆಯ ಮೇಷ್ಟ್ರು. ಪಾಠ ಹೇಳುವ ಕೆಲಸದಿಂದ ನಿವೃತ್ತಿಯಾಗಿ ಈಗ ಚರ್ಚಿನ ಸಭಾಹಿರಿಯರಾಗಿದ್ದರು. ಮುಖದ ತುಂಬ ಸೋಪಿನ ನೊರೆ, ಕೈಯಲ್ಲಿ ರೇಜರ್. ಹಿಂದೆ ಚಿಕ್ಕಮ್ಮ, ಚಿಕ್ಕಮ್ಮನ ಹಿಂದೆ ಗಾಯನ ಮಂಡಳಿಯ ಅರ್ಧ ಭಾಗ.

"ಏನಪ್ಪಾ ಇದು? ನೀರೂ ನಿಲ್ಲಿಸಿದ್ದೀಯ, ಸತ್ಕ್ರಿಯೆನೂ ನಿಲ್ಲಿಸಿದ್ದೀಯಂತೆ!"

"ಮೇಷ್ಟ್ರೇ, ನಾನು ಇನ್ಮೇಲೆ ನಂಬಿಕೆಯಲ್ಲಿ ಬದುಕೋನು."

"ನಂಬಿಕೆ ಇದೆ ಅಂತ ನಿನ್ನ ಬಾಯಿ ಹೇಳಿದ್ರೆ ಸಾಕೇನು? ಕೈ ಹೇಳಬೇಡ್ವಾ? ಕ್ರಿಯೆ ಇಲ್ಲದ ನಂಬಿಕೆ ಉಸಿರಿಲ್ಲದ ಹೆಣ ಕಣಯ್ಯಾ!" ಮೇಷ್ಟ್ರು ರೇಜರ್ ಎತ್ತಿ ಹಿಡಿದರು. "ಹಸಿದು ಬಂದವನಿಗೆ ಹೊಟ್ಟೆ ತುಂಬಾ ಊಟ ಮಾಡಪ್ಪಾ ಅಂತ ಬರೀ ಬಾಯಲ್ಲಿ ಹರಸಿ ಕಳಿಸಿದ್ರೆ ಅವನಿಗೆ ಹೊಟ್ಟೆ ತುಂಬತ್ತಾ?"

"ಯಾರಪ್ಪಾ ಹಸಿದಿರೋದು? ಕಟ್ಕೊಂಡಿರೋದು ಸಿಂಕಲ್ವಾ?"

ಚಿಕ್ಕಮ್ಮ ನಿಟ್ಟುಸಿರು ಬಿಟ್ಟರು. "ವಾದ ಬೇಡ ಮೇಷ್ಟ್ರೇ. ದೇವರ ದಾರಿಯಿಂದ ಹಿಂಜಾರಿದ್ದಾನೆ ಪಾಪ. ಇಲ್ಲೇ ಕೂತು ಪ್ರಾರ್ಥನೆ ಮಾಡೋಣ."

ಬೇಡ ಎನ್ನಲು ಹೆಂಡತಿ ಬಾಯಿ ತೆರೆಯುವಷ್ಟರಲ್ಲಿ ಎಲ್ಲರೂ ಚಪ್ಪಲಿ ಬಿಟ್ಟು ಒಳಗೆ ಬಂದು ನಡುಮನೆಯಲ್ಲಿ ವೃತ್ತಾಕಾರವಾಗಿ ಕುಳಿತಾಗಿತ್ತು. ಇಬ್ಬರು ಅತ್ತೆಯ ಹೊಸ ಹೊದಿಕೆಯ ಮೇಲೇ ಕೂತರು. ನಲ್ಲಿಯಣ್ಣ ಹಲ್ಲು ಕಚ್ಚಿ ಬಚ್ಚಲಿಗೆ ಹೋದ. ಇನ್ನೊಂದೇ ಜಾಯಿಂಟು ಉಳಿದಿತ್ತು. ಅದನ್ನು ಬಿಗಿ ಮಾಡಿದರೆ ಅತ್ತೆ ಈ ಮನೆಯವರಾದಂತೆ.

ಮೇಷ್ಟ್ರಿಗೆ ಮುಖದ ಮೇಲೆ ನೊರೆ ಒಣಗಿ ಚುರುಚುರು ಎನ್ನತೊಡಗಿತ್ತು. ಎಲ್ಲರೂ ಕಣ್ಣು ಮುಚ್ಚಿದ್ದನ್ನು ನೋಡಿ ಮೆಲ್ಲಗೆ ಎದ್ದು ಹೊರಗೆ ಹೋದರು. ಒಳಗೆ ಚಿಕ್ಕಮ್ಮನ ದನಿ ಏರುತ್ತಿತ್ತು.

"ಕರ್ತನೇ, ಈ ಒಣಗಿದ ಹೃದಯದ ಮೇಲೆ ನಿನ್ನ ಆಶೀರ್ವಾದದ ಮಳೆ ಸುರಿಸಪ್ಪಾ! ತಡಮಾಡಬೇಡಪ್ಪಾ! ಈಗಲೇ ಸುರಿಸಪ್ಪಾ!"

ಅದೇ ಗಳಿಗೆಯಲ್ಲಿ ಕೆಳಗೆ ಮೇಷ್ಟ್ರು ವಾಲ್ವ್ ತಿರುಗಿಸಿದರು.

ಬಿಗಿಯಾಗದ ಪೈಪು ಭುಸ್ಸೆಂದು ಕಿತ್ತುಕೊಂಡು ನಲ್ಲಿಯಣ್ಣನ ಎದೆಗೇ ನೀರು ಹೊಡೆಯಿತು. ಅವನು ಅಂಗೈ ಒತ್ತಿ ಹಿಡಿದ. ನೀರು ಬೆರಳ ಸಂದಿಯಿಂದ ನಾಲ್ಕು ದಿಕ್ಕಿಗೆ ಹಾರಿತು. ಬಚ್ಚಲು ತುಂಬಿ, ಹೊಸ್ತಿಲು ದಾಟಿ, ಪ್ರಾರ್ಥನೆಗೆ ಕೂತವರ ಕೆಳಗೆ ಹರಿಯಿತು. ಕಣ್ಣು ಮುಚ್ಚಿದ್ದವರಲ್ಲಿ ಒಬ್ಬಾಕೆ "ಹಲ್ಲೆಲೂಯಾ!" ಎಂದು ಕೂಗಿದಳು, ಆಮೇಲೆ ಕಣ್ಣು ಬಿಟ್ಟು "ಅಯ್ಯಯ್ಯೋ!" ಎಂದಳು.

"ವಾಲ್ವ್! ಯಾರಾದ್ರೂ ವಾಲ್ವ್ ಮುಚ್ರೋ!" ನಲ್ಲಿಯಣ್ಣ ಅರಚಿದ.

ಕೊನೆಗೆ ಹೆಂಡತಿಯೇ ಸೆರಗು ಸಿಕ್ಕಿಸಿ ಓಡಿ ಮುಚ್ಚಿದಳು. ಹಿಂತಿರುಗಿ ಬರುವಾಗ ಅವಳ ಜೊತೆಗೆ ಕೆಳಮನೆಯ ಹೆಣ್ಣುಮಗಳೂ ಬಂದಳು. ಏದುಸಿರು ಬಿಡುತ್ತಿದ್ದಳು.

"ಅಣ್ಣಾ, ನಮ್ಮಪ್ಪನ ಮಂಚದ ಮೇಲೆ ಸೂರಿಂದ ನೀರು ಬೀಳ್ತಿದೆ. ನನ್ನೊಬ್ಬಳ ಕೈಲಿ ಎತ್ತೋಕಾಗ್ತಿಲ್ಲ."

ಕೆಳಮನೆಯ ಅಜ್ಜ ಹಾಸಿಗೆ ಹಿಡಿದು ವರ್ಷವಾಗಿತ್ತು. ನಲ್ಲಿಯಣ್ಣ ಮೆಟ್ಟಿಲು ಹಾರಿಕೊಂಡು ಇಳಿದ. ಕಳ್ಳನೂ ನೆನಪಾಗಲಿಲ್ಲ, ಏಣಿಯೂ ನೆನಪಾಗಲಿಲ್ಲ. ಅಜ್ಜನನ್ನು ಮಗುವಿನಂತೆ ಎತ್ತಿ ಕುರ್ಚಿಯಲ್ಲಿ ಕೂರಿಸಿದ, ಮಂಚ ಸರಿಸಿದ, ನೀರು ಬೀಳುವಲ್ಲಿ ಪಾತ್ರೆ ಇಟ್ಟ, ಒಣ ಹಾಸಿಗೆ ಹಾಸಿ ಮತ್ತೆ ಮಲಗಿಸಿದ. ಅಜ್ಜನ ಕಾಲು ತಣ್ಣಗಿತ್ತು. ಎರಡೂ ಪಾದಗಳನ್ನು ಉಜ್ಜಿ ಬೆಚ್ಚಗೆ ಮಾಡಿದ. ಅಷ್ಟಾದ ಮೇಲೆ ನೋಡಿದರೆ ಅವನ ಕೈ ತಾನಾಗಿಯೇ ಮೂಲೆಯ ಬೇಸಿನ್ನಿನ ನಲ್ಲಿಯ ವಾಷರ್ ಬದಲಿಸುತ್ತಿತ್ತು.

ಅವನು ಗಾಬರಿಯಾಗಿ ಕೈ ಹಿಂದೆ ತೆಗೆದುಕೊಂಡ.

"ಯಾಕೋ ನಿಲ್ಲಿಸಿದೆ?" ಅಜ್ಜ ಕೇಳಿದ.

"ಅಜ್ಜಾ, ಇವತ್ತು ಒಳ್ಳೆ ಕೆಲಸ ಮಾಡಬಾರದು ಅಂತ ಇದ್ದೆ." ಒದ್ದೆ ಬಟ್ಟೆಯಲ್ಲೇ ಮಂಚದ ಅಂಚಿಗೆ ಕೂತು ನಲ್ಲಿಯಣ್ಣ ಪ್ರಸಂಗವನ್ನೂ ಮೇಷ್ಟ್ರ ವಾದವನ್ನೂ ಒಪ್ಪಿಸಿದ. "ಯಾರು ಹೇಳೋದು ಸರಿ? ನಂಬಿಕೆಯೋ, ಕ್ರಿಯೆಯೋ?"

ಅಜ್ಜ ಬೊಚ್ಚು ಬಾಯಿ ಬಿಟ್ಟು ನಕ್ಕ. "ನಲ್ಲಿ ನೀರನ್ನ ಹುಟ್ಟಿಸ್ತದೇನೋ?"

"ಇಲ್ಲ. ನೀರು ಮೇಲಿನ ಟ್ಯಾಂಕಿಂದ ಬರ್ತದೆ."

"ಅದು ಕೃಪೆ. ಬಿಟ್ಟಿ ಬರೋದು. ಆದ್ರೆ ಟ್ಯಾಂಕಲ್ಲಿ ನೀರಿದ್ದು, ಪೈಪು ಕೂಡಿದ್ದು, ತಿರುಗಿಸಿದ್ರೆ ನಲ್ಲೀಲಿ ಏನೂ ಬರಲಿಲ್ಲ ಅಂದ್ರೆ ನೀನೇನಂತೀಯ?"

"ಒಳಗೆ ಏನೋ ಕಟ್ಕೊಂಡಿದೆ ಅಂತೀನಿ."

"ಅಷ್ಟೇ ಕಣೋ. ಈಗ ಓಡಿ ಬಂದ್ಯಲ್ಲ, ಸ್ವರ್ಗಕ್ಕೆ ಅಂತ ಬಂದ್ಯಾ?"

"ಇಲ್ಲಜ್ಜಾ. ನೀವು ನೆನೀತಿದ್ರಿ ಅಂತ ಬಂದೆ."

"ಮತ್ತೆ ಹೆದರಿಕೆ ಯಾಕೆ? ವಾಷರ್ ಹಾಕು."

ನಲ್ಲಿಯಣ್ಣ ವಾಷರ್ ಹಾಕಿದ. ಇಷ್ಟು ವರ್ಷದಲ್ಲಿ ಮೊದಲ ಬಾರಿಗೆ ಯಾವ ಲೆಕ್ಕಕ್ಕೂ ಸೇರಿಸದೆ ಒಂದು ನಲ್ಲಿಯನ್ನು ರಿಪೇರಿ ಮಾಡಿದ್ದ. ಅವನಿಗೆ ಅಳು ಬಂದಂತಾಯಿತು, ಆದರೆ ತಲೆಯಿಂದ ಕಾಲಿನವರೆಗೆ ನೆನೆದಿದ್ದರಿಂದ ಯಾರಿಗೂ ಗೊತ್ತಾಗಲಿಲ್ಲ.

ಮೇಲೆ ಬಂದು ನೋಡಿದರೆ ಅತ್ತೆ ಬಂದುಬಿಟ್ಟಿದ್ದರು. ನಾದಿನಿ ಸೀರೆಯ ನೆರಿಗೆ ಎತ್ತಿ ಹಿಡಿದು ಬಚ್ಚಲ ಬಾಗಿಲಲ್ಲಿ ನಿಂತಿದ್ದಳು. ಕಿತ್ತುಹೋದ ಪೈಪು ಅವಳ ಕಡೆಗೇ ಬಾಯಿ ಕಳೆದು ನೋಡುತ್ತಿತ್ತು.

"ನಾನು ಹೇಳಿರಲಿಲ್ವಾ ಅಕ್ಕಾ? ನಡಿಯಮ್ಮಾ, ಹೋಗೋಣ."

ಹೆಂಡತಿಯ ಕಣ್ಣು ತುಂಬಿತು. ಆದರೆ ಅತ್ತೆ ಕುರ್ಚಿ ಬಿಟ್ಟು ಏಳಲಿಲ್ಲ. ಅವರ ಒಂದು ಕೈಯನ್ನು ಚಿಕ್ಕಮ್ಮ ಹಿಡಿದು ಕೂತಿದ್ದರು. ಗಾಯನ ಮಂಡಳಿ ಸೆರಗು ಕಟ್ಟಿ ನೆಲ ಒರೆಸುತ್ತಿತ್ತು. ಮೇಷ್ಟ್ರು ತಪ್ಪಿತಸ್ಥರ ಮುಖ ಮಾಡಿಕೊಂಡು ಬೀದಿ ನಲ್ಲಿಯಿಂದ ಬಕೆಟ್ ಬಕೆಟ್ ನೀರು ಹೊತ್ತು ತರುತ್ತಿದ್ದರು.

"ನಿನ್ನ ಮನೆ ಬಚ್ಚಲು ಚೆನ್ನಾಗಿದೆ ಮಗಳೇ," ಎಂದರು ಅತ್ತೆ. "ಆದ್ರೆ ಮಾತಾಡಿಸೋರು ಒಬ್ಬರಿಲ್ಲ. ಇಲ್ಲಿ ನೋಡು, ಬಂದು ಕೂರೋದ್ರೊಳಗೆ ನಾಲ್ಕು ಜನರ ಕಷ್ಟಸುಖ ಕೇಳಿ ಆಯ್ತು. ನಾನು ಇಲ್ಲೇ ಇರ್ತೀನಿ."

"ನಾಳೆ ಬೆಳಗ್ಗೆವರೆಗೆ ನೋಡ್ತೀನಿ" ಎಂದಳು ನಾದಿನಿ. "ಅಷ್ಟರಲ್ಲಿ ನೀರು ಬರಬೇಕು."

"ಬರುತ್ತೆ! ಈಗಲೇ ಕೂತು ಮುಗಿಸ್ತೀನಿ!" ನಲ್ಲಿಯಣ್ಣ ತೋಳು ಏರಿಸಿ ಪಾನಾ ಎತ್ತಿದ. ಅವನಿಗೆ ಹತ್ತಾಳಿನ ಬಲ ಬಂದಿತ್ತು.

ಆಗ ಬಾಗಿಲಲ್ಲಿ ಪಾಸ್ಟರು ಕಾಣಿಸಿಕೊಂಡರು. ತಲೆಗೂದಲು ಎಣ್ಣೆ ಕಾಣದೆ, ನೀರೂ ಕಾಣದೆ ಕೆದರಿತ್ತು. ಹೆಗಲ ಮೇಲೆ ಟವೆಲ್ ಇತ್ತು.

"ಏನಪ್ಪಾ, ಪ್ರಸಂಗ ಮನಸ್ಸಿಗೆ ಮುಟ್ಟಿತಾ?"

"ಮುಟ್ಟಿತು ಪಾಸ್ಟ್ರೇ. ಎದೆಗೇ ಹೊಡೀತು."

"ಸಂತೋಷ. ಹಾಗಾದ್ರೆ ಹೊರಡೋಣ್ವಾ? ನಮ್ಮ ಬಚ್ಚಲಲ್ಲಿ ಪೈಪು ಒಡೆದು ಗುರುವಾರದಿಂದ ಮನೆಮಂದಿಗೆಲ್ಲ ಸ್ನಾನ ಇಲ್ಲ."

"ನಾನಾ? ನಾನ್ಯಾಕೆ?"

ಪಾಸ್ಟರು ನಲ್ಲಿಯಣ್ಣನ ಹೆಂಡತಿಯ ಕಡೆ ನೋಡಿದರು. ಹೆಂಡತಿ ಸೂರಿನ ಕಡೆ ನೋಡಿದಳು.

"ಹೇಳಿಲ್ವೇನಮ್ಮಾ?"

ನಲ್ಲಿಯಣ್ಣ ಇಂಗು ತಿಂದ ಮಂಗನಂತೆ ಇಬ್ಬರನ್ನೂ ನೋಡಿದ. ಹೆಂಡತಿ ಸೆರಗಿನ ತುದಿ ತಿರುವುತ್ತ ಬಾಯಿ ಬಿಟ್ಟಳು.

"ನಾನೇ ಹೋಗಿ ಕೇಳ್ಕೊಂಡಿದ್ದೆ ರೀ, ಈ ವಾರ ನಂಬಿಕೆ ಬಗ್ಗೆ ಹೇಳಿ ಅಂತ. ನೀವು ಊರ ಕೆಲಸ ಬಿಟ್ಟು ನಮ್ಮನೇದು ಮುಗಿಸಲಿ ಅಂತ. ಅಮ್ಮ ಬರ್ತಾಳಲ್ಲಾಂತ... ಹತ್ತು ಮನೆ ತಪ್ಪಿಸೋಕೆ ಒಂದು ಮನೆ ಒಪ್ಕೊಂಡೆ."

"ನಾನು ಸುಳ್ಳು ಒಂದೂ ಹೇಳಿಲ್ಲಪ್ಪಾ" ಎಂದರು ಪಾಸ್ಟರು ಸಂಕೋಚದಿಂದ. "ಅರ್ಧ ಹೇಳಿದೆ ಅಷ್ಟೇ. ಇನ್ನರ್ಧ ಮುಂದಿನ ಭಾನುವಾರ. ಸತ್ಕ್ರಿಯೆ ಬಗ್ಗೆ. ಮೇಷ್ಟ್ರು ಈಗ ಮೆಟ್ಟಿಲ ಮೇಲೆ ಸಿಕ್ಕು ಬಹಳ ಕೇಳ್ಕೊಂಡ್ರು."

ಮೇಷ್ಟ್ರು ಬಕೆಟ್ ಕೆಳಗಿಟ್ಟು ದೂರದ ಗೋಡೆಯನ್ನು ಪರೀಕ್ಷಿಸತೊಡಗಿದರು.

"ಅವರೇನು ಒಪ್ಕೊಂಡ್ರು?" ನಲ್ಲಿಯಣ್ಣ ಮೆಲ್ಲಗೆ ಕೇಳಿದ.

"ಆಲಯಕ್ಕೆ ಹೊಸ ನೀರಿನ ಟ್ಯಾಂಕು ಕೊಡಿಸ್ತಾರಂತೆ. ಹಳೇದು ಇಳಿಸಿ, ಹೊಸದು ಮೇಲೆ ಕೂರಿಸಿ, ಪೈಪೆಲ್ಲ ಬದಲಾಯಿಸೋಕೆ ನೀನಿದ್ದೀಯಲ್ಲ ಅಂದ್ರು."

ನಲ್ಲಿಯಣ್ಣ ತನ್ನ ಬಚ್ಚಲನ್ನು ಒಮ್ಮೆ ನೋಡಿದ, ನಾದಿನಿಯನ್ನು ಒಮ್ಮೆ ನೋಡಿದ, ಪಾಸ್ಟರ ಹೆಗಲ ಮೇಲಿನ ಟವೆಲನ್ನು ನೋಡಿದ. ಪಾಪ, ಗುರುವಾರದಿಂದ ಸ್ನಾನವಿಲ್ಲ. ಕೈ ತಾನಾಗಿಯೇ ಸಲಕರಣೆಗಳ ಚೀಲ ಎತ್ತಿತು. ಹೆಂಡತಿ ಬಂದು ಚೀಲದ ಇನ್ನೊಂದು ಹಿಡಿ ಹಿಡಿದಳು.

ಮೆಟ್ಟಿಲಿಳಿಯುತ್ತ ನಲ್ಲಿಯಣ್ಣ ಒಂದು ವಿಷಯವನ್ನು ಮಾತ್ರ ಗಟ್ಟಿಯಾಗಿ ತೀರ್ಮಾನಿಸಿಕೊಂಡ. ಮುಂದಿನ ಭಾನುವಾರ ಯಾರು ಎಷ್ಟೇ ತಿವಿದರೂ ಸರಿ, "ಪ್ರಿಯರೇ" ಎಂದ ಕೂಡಲೇ ಅವನು ನಿದ್ದೆ ಮಾಡುವವನು.