ನಿಧಾನ ತಿಳಿಯದ ಕಾರು, ಆರಲು ಬಿಡದ ಮಾವ

ನಮ್ಮ ಸೋದರಮಾವನಿಗೆ ಕಾರು ಓಡಿಸಲು ಬರುತ್ತಿರಲಿಲ್ಲ ಎಂದು ಚನ್ನರಾಯಪಟ್ಟಣದಲ್ಲಿ ಯಾರಾದರೂ ಹೇಳಿದರೆ ನಂಬಬೇಡಿ. ಅದು ಶುದ್ಧ ಹೊಟ್ಟೆಕಿಚ್ಚಿನ ಮಾತು. ಓಡಿಸಲು ಅವನಿಗೆ ಬಹಳ ಚೆನ್ನಾಗಿ ಬರುತ್ತಿತ್ತು. ನಿಧಾನವಾಗಿ ಓಡಿಸಲು ಬರುತ್ತಿರಲಿಲ್ಲ, ಅಷ್ಟೆ! ಅದೂ ಅವನ ತಪ್ಪಲ್ಲ, ಕಾರಿನ ತಪ್ಪು. ಕಾರಿನದೂ ತಪ್ಪಲ್ಲ ಎಂದು ಅವನ ವಾದ. ಊರೇ ನಿಧಾನವಾಗಿದ್ದರೆ ಕಾರು ಪಾಪ ಏನು ಮಾಡಬೇಕು?

ಸಕಲೇಶಪುರದ ಕಡೆ ಕಾಫಿ ತೋಟ ಮಾಡಿಕೊಂಡಿದ್ದ ಬಿಳಿ ದೊರೆಯೊಬ್ಬ, ಸ್ವಾತಂತ್ರ್ಯ ಬಂದು ಕೆಲವು ವರ್ಷಕ್ಕೆ ತೋಟ ಮಾರಿ ತನ್ನ ದೇಶಕ್ಕೆ ಹೊರಟ. ಹೋಗುವಾಗ ರೇಸಿಗೆಂದು ತರಿಸಿಕೊಂಡಿದ್ದ ಉದ್ದ ಮೂತಿಯ, ಮೇಲೆ ಚಾವಣಿಯಿಲ್ಲದ ಕಾರನ್ನು ನಮ್ಮ ಮಾವನ ತಲೆಗೆ ಕಟ್ಟಿದ. ಮಾವನದು ಚನ್ನರಾಯಪಟ್ಟಣದಲ್ಲಿ ಕೊಬ್ಬರಿ ಮಂಡಿ. ಕೊಬ್ಬರಿ ವ್ಯಾಪಾರಿಗೆ ರೇಸ್ ಕಾರು ಯಾಕೆ ಎಂದು ನೀವು ಕೇಳಬಹುದು. ಇಡೀ ಊರೇ ಕೇಳಿತು. ಅತ್ತೆಯಂತೂ ದಿನಾ ಕೇಳುತ್ತಿದ್ದಳು.

ಆ ಕಾರಿನ ಇಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಯಂತ್ರವೊಂದು ಅಂಟಿಕೊಂಡಿತ್ತು. ಹಾಸನದ ಮೆಕ್ಯಾನಿಕ್ ಅದನ್ನು ಬ್ಲೋವರ್ ಎನ್ನುತ್ತಿದ್ದ. ಮಾವ ಅದಕ್ಕೆ ತಿದಿ ಎಂದು ಹೆಸರಿಟ್ಟ. "ಬ್ಯಾರೆ ಕಾರು ಮೂಗ್ನಲ್ಲಿ ಉಸ್ರಾಡ್ತವೆ ಮಗಾ. ನಮ್ದಕ್ಕೆ ಕಮ್ಮಾರನ ಕುಲುಮೆ ತರ ತಿದಿ ಐತೆ ಕಣಮ್ಮಿ! ಒತ್ತಿದ್ರೆ ಹಂಗೇ ಅತ್ಕೊತದೆ!" ಎಂದು ನನಗೆ ವಿವರಿಸುತ್ತಿದ್ದ. ನಾನು ಆಗ ಅಲ್ಲಿನ ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲಿನಲ್ಲಿ ಮೇಡಂ ಆಗಿ ಸೇರಿದ್ದೆ, ಮಾವನ ಮನೆಯಲ್ಲೇ ಊಟ, ವಾಸ. ಹಾಗಾಗಿ ಈ ಪಾಠವನ್ನು ಬೆಳಗಿನ ಉಪ್ಪಿಟ್ಟಿನ ಜೊತೆ ದಿನವೂ ಕೇಳಬೇಕಾಗಿತ್ತು.

ತಿದಿಯ ತೊಂದರೆ ಒಂದೇ. ಕಾರು ವೇಗವಾಗಿ ಹೋದರೆ ಸ್ವರ್ಗ. ನಿಧಾನವಾಗಿ ಹೋದರೆ ಇಂಜಿನ್ನಿನ ಪ್ಲಗ್ಗುಗಳಿಗೆ ಎಣ್ಣೆಮಸಿ ಹಿಡಿದು, ಗೂರಲು ರೋಗಿಯಂತೆ ಕೆಮ್ಮಿ, ನಿಂತೇ ಬಿಡುತ್ತಿತ್ತು. ಆಮೇಲೆ ಪ್ಲಗ್ಗುಗಳನ್ನು ಬಿಚ್ಚಿ, ಒರೆಸಿ, ಮತ್ತೆ ಹಾಕಿ, ಹತ್ತು ಜನ ತಳ್ಳಬೇಕು. ನಮ್ಮ ಪೇಟೆ ಬೀದಿಯಲ್ಲಿ ಎತ್ತಿನ ಗಾಡಿ, ತೆಂಗಿನಕಾಯಿ ರಾಶಿ, ಅಡ್ಡ ಮಲಗಿದ ಎಮ್ಮೆ. ಅಲ್ಲಿ ವೇಗವಾಗಿ ಹೋಗುವುದು ಹೇಗೆ? ಒಮ್ಮೆ ಪೊಲೀಸಿನವನು ಅಡ್ಡ ಹಾಕಿ, "ಸಾ, ವಸಿ ನಿಧಾನ ಓಗಿ ಸಾ" ಎಂದ.

"ನಿಧಾನ ಓದ್ರೆ ನಿಂತೋಯ್ತದೆ. ನಿಂತ್ರೆ ನೀನೇ ತಳ್ಬೇಕು. ಯಾವ್ದು ಬೇಕು ಯೋಳು" ಎಂದ ಮಾವ.

ಪೊಲೀಸಿನವನು ಒಮ್ಮೆ ತಳ್ಳಿ ನೋಡಿದ್ದವನೇ. ಅಂದಿನಿಂದ ಆ ಕಾರಿನ ಶಬ್ದ ದೂರದಲ್ಲಿ ಕೇಳಿದರೆ ಸಾಕು, ತಾನೇ ಸೀಟಿ ಊದಿ ಬೀದಿ ಬಿಡಿಸುತ್ತಿದ್ದ!

ಹೊಳೆನರಸೀಪುರದಲ್ಲಿ ನಮ್ಮ ತಾಯಿಯ ಮನೆ ಇದ್ದದ್ದು ಮಟ್ಟಸವಾದ ಬೀದಿಯಲ್ಲಿ. ಇಳಿಜಾರಿಲ್ಲದ ಕಡೆ ಇಂಜಿನ್ ಆರಿಸಿದರೆ ಮತ್ತೆ ಹೊರಡಿಸುವ ಕಷ್ಟ ಯಾರಿಗೆ ಬೇಕು? ಮಾವ ಇಳಿಯುತ್ತಲೇ ಇರಲಿಲ್ಲ. ಬೀದಿಯನ್ನು ಸುತ್ತು ಹಾಕುತ್ತ ಅಕ್ಕನ ಯೋಗಕ್ಷೇಮ ವಿಚಾರಿಸುತ್ತಿದ್ದ. ಮೊದಲನೇ ಸುತ್ತಿಗೆ, "ಅಕ್ಕಾ, ಚೆಂದಾಗಿದ್ದೀಯಾ?" ಅವಳು ಬಾಯಿ ತೆರೆಯುವಷ್ಟರಲ್ಲಿ ಕಾರು ಮೂಲೆ ತಿರುಗಿರುತ್ತಿತ್ತು. ಮುಂದಿನ ಸುತ್ತಿಗೆ ಅವಳು ಸಿದ್ಧವಾಗಿ ನಿಂತು, "ಮಂಡಿ ನೋವು ಕಣೋ!" ಎಂದು ಕೂಗುತ್ತಿದ್ದಳು. ಅದರ ಮುಂದಿನ ಸುತ್ತಿಗೆ, "ಅಳ್ಳೆಣ್ಣೆ ಅಚ್ಚು!" ಎಂದು ಔಷಧಿ ಬರುತ್ತಿತ್ತು. ಅರಕಲಗೂಡಿನಲ್ಲಿ ಅತ್ತೆಯ ತವರುಮನೆ ಇದ್ದದ್ದು ಏರಿನ ಮೇಲೆ. ಅಲ್ಲಿ ಮಾತ್ರ ಇಳಿದು, ಊಟ ಮಾಡಿ, ನಿದ್ದೆಯನ್ನೂ ಮಾಡಿ ಬರುತ್ತಿದ್ದ. ಅಳಿಯನಿಗೆ ನಮ್ಮ ಮೇಲೆ ಎಷ್ಟು ಪ್ರೀತಿ ಎಂದು ಆ ಮನೆಯವರು ಊರೆಲ್ಲ ಹೇಳಿಕೊಂಡು ಬರುತ್ತಿದ್ದರು, ಪಾಪ.

ಅತ್ತೆ ಮಾತ್ರ ಆ ಕಾರನ್ನು ಹತ್ತಿದವಳೇ ಅಲ್ಲ. ಅವಳು ಸ್ವಭಾವದಲ್ಲೇ ನಿಧಾನ. ಒಂದು ಸೇರು ಬದನೆಕಾಯಿ ಆರಿಸಲು ಸಂತೆಯಲ್ಲಿ ಅರ್ಧ ದಿನ ಬೇಕು. ಸಾರಿಗೆ ಒಗ್ಗರಣೆ ಹಾಕುವುದನ್ನೂ ಯೋಚಿಸಿ ಹಾಕುವವಳು. ಮಾವ ಬೆಳಗ್ಗೆ ಎದ್ದು ಜಗುಲಿಯ ಮೇಲೆ ಪ್ಲಗ್ಗುಗಳನ್ನು ಉಜ್ಜಿ, ಅವಳ ಕುಂಕುಮದ ತಟ್ಟೆಯಲ್ಲೇ ಸಾಲಾಗಿ ಜೋಡಿಸುತ್ತಿದ್ದ. ಅವಳಿಗೆ ಮೈಯೆಲ್ಲ ಉರಿ. "ಮನೆದೇವ್ರಿಗೂ ಇಷ್ಟು ಸೇವೆ ಇಲ್ಲ. ನನ್ ಸವತೀನ ನೀವೇ ಮೆರಸ್ಕಳಿ. ಅವ್ಳ ತೊಡೆ ಮ್ಯಾಲೆ ನಾನಂತೂ ಕುಂತ್ಕೊಳಾಕಿಲ್ಲ" ಎಂದು ಹೇಳಿಬಿಟ್ಟಿದ್ದಳು.

ಆ ಮಾತು ಒಂದು ಮಧ್ಯಾಹ್ನದವರೆಗೆ ನಡೆಯಿತು.

ಅತ್ತೆಗೆ ಹಿಂದಿನ ದಿನದಿಂದಲೇ ಹೊಟ್ಟೆನೋವು. ಹಲಸಿನ ಹಣ್ಣು ತಿಂದದ್ದು ಹೆಚ್ಚಾಯಿತು ಎಂದು ಸುಳ್ಳು ಹೇಳಿ, ಓಂಕಾಳಿನ ಕಷಾಯ ಕುಡಿದು ಓಡಾಡಿಕೊಂಡಿದ್ದಳು. ನಾನು ಶಾಲೆಯಿಂದ ಊಟಕ್ಕೆ ಬಂದಾಗ ಅಡುಗೆಮನೆಯ ನೆಲದ ಮೇಲೆ ಮುದುರಿ ಮಲಗಿದ್ದಳು. ಮೈ ಕೆಂಡ. ಸರ್ಕಾರಿ ಡಾಕ್ಟರು ಬಂದು ಹೊಟ್ಟೆಯ ಬಲಗಡೆ ಒತ್ತಿ ನೋಡಿದರು, ಮುಖ ಸಣ್ಣಗೆ ಮಾಡಿಕೊಂಡು ಮಾವನನ್ನು ಹೊರಗೆ ಕರೆದರು.

"ಅಪೆಂಡಿಕ್ಸ್ ಊದಿಕೊಂಡಿದೆ. ಕತ್ತಲಾಗುವ ಮುಂಚೆ ಹಾಸನಕ್ಕೆ ಸೇರಿಸಿ, ಆಪರೇಷನ್ ಆಗಬೇಕು. ಆದರೆ ಜೋಪಾನ. ಕುಲುಕಬಾರದು. ದಾರಿಯಲ್ಲಿ ಒಳಗೇ ಒಡೆದುಹೋದರೆ ನನ್ನ ಕೈಯಲ್ಲಿ ಏನೂ ಇಲ್ಲ. ನಿಧಾನವಾಗಿ ಕರೆದುಕೊಂಡು ಹೋಗಿ."

ನಿಧಾನವಾಗಿ! ಮಾವ ನನ್ನ ಮುಖ ನೋಡಿದ. ನಾನು ಕಾರಿನ ಮುಖ ನೋಡಿದೆ.

ಊರಿಗಿದ್ದ ಒಂದೇ ಬಾಡಿಗೆ ಕಾರು ಯಾತ್ರಿಕರನ್ನು ಕರೆದುಕೊಂಡು ಶ್ರವಣಬೆಳಗೊಳಕ್ಕೆ ಹೋಗಿತ್ತು. ಬಸ್ಸಿನಲ್ಲಿ ಮಲಗಿಸಲು ಜಾಗವಿಲ್ಲ. ಎತ್ತಿನ ಗಾಡಿ ಕಟ್ಟಿದರೆ ಹಾಸನ ಸೇರುವುದು ಮರುದಿನ. ಮಾವ ಸ್ಪ್ಯಾನರ್ ತೆಗೆದುಕೊಂಡು ಕಾರಿನ ಎಡಗಡೆಯ ಸೀಟನ್ನು ಬಿಚ್ಚಿ ಬೀದಿಗೆ ಎಸೆದ. ಮಂಡಿಯ ಹಮಾಲಿಗಳು ತೆಂಗಿನ ನಾರು ತುಂಬಿದ ಚೀಲ ತಂದು ಹಾಸಿದರು, ಅದರ ಮೇಲೆ ಹಾಸಿಗೆ. ಅತ್ತೆಯನ್ನು ಕಂಬಳಿಯಲ್ಲಿ ಎತ್ತಿ ತಂದಾಗ ಅವಳು ಕಣ್ಣು ಬಿಟ್ಟು, "ಇದ್ರಲ್ಲಾ?" ಎಂದಳು. ಬೇರೆ ದಿನವಾದರೆ ಮಾವ ಕಾರಿನ ಪರವಾಗಿ ಅರ್ಧ ಗಂಟೆ ವಾದ ಮಾಡುತ್ತಿದ್ದ. ಅವತ್ತು ತನ್ನ ಟವಲನ್ನು ಮಡಿಸಿ ಅವಳ ತಲೆಯ ಕೆಳಗಿಟ್ಟ, ಅಷ್ಟೆ. ನಾನು ಹಿಂದಿನ ಇಕ್ಕಟ್ಟಿನಲ್ಲಿ ತೂರಿಕೊಂಡು ಅವಳ ತಲೆ ಹಿಡಿದು ಕುಳಿತೆ.

ಹೊರಟೆವು. ನನ್ನ ಜೀವನದಲ್ಲಿ ಆ ಕಾರು ಅಷ್ಟು ಮೆಲ್ಲಗೆ ಹೋದದ್ದನ್ನು ನಾನು ನೋಡಿರಲಿಲ್ಲ. ಮಾವ ಒಂದೊಂದು ಹಳ್ಳವನ್ನೂ ಬಳಸಿ, ಒಂದೊಂದು ಕಲ್ಲನ್ನೂ ತಪ್ಪಿಸಿ ಓಡಿಸಿದ. ಸೈಕಲ್ಲಿನವನೊಬ್ಬ ನಮ್ಮನ್ನು ಹಿಂದೆ ಹಾಕಿ ಹೋದ. ಹೋದವನು ತಿರುಗಿ ತಿರುಗಿ ನೋಡಿದ, ಇದು ಅದೇ ಕಾರೇ ಎಂದು ಅವನಿಗೆ ಅನುಮಾನ. ಕೆರೆ ಏರಿಯ ಮೇಲೆ ಬರುವಷ್ಟರಲ್ಲಿ ಇಂಜಿನ್ ಒಮ್ಮೆ ಕೆಮ್ಮಿತು. ಮತ್ತೆ ಕೆಮ್ಮಿತು. ನಿಂತಿತು.

ಮಾವ ಹಾರಿ ಇಳಿದ. ಸಾಧಾರಣವಾಗಿ ಇಂಥ ಹೊತ್ತಿನಲ್ಲಿ ಅವನದೊಂದು ಪದ್ಧತಿ ಇತ್ತು. ಬೀಡಿ ಹಚ್ಚಿ, ಮರದ ಕೆಳಗೆ ಕುಳಿತು, ಇಂಜಿನ್ನಿನ ಬಿಸಿ ಪೂರ್ತಿ ಆರಿದ ಮೇಲೆ ಪ್ಲಗ್ಗಿಗೆ ಕೈ ಹಾಕುವುದು. ಪ್ಲಗ್ಗುಗಳು ಕೊಳವೆಗಳ ಸಂದಿಯಲ್ಲಿ ಆಳವಾಗಿದ್ದವು. ಸ್ಪ್ಯಾನರಿನಲ್ಲಿ ಸಡಿಲಿಸಿದ ಮೇಲೆ ಬೆರಳಿನಲ್ಲೇ ತಿರುಗಿಸಿ ತೆಗೆಯಬೇಕು, ಬಟ್ಟೆ ಸುತ್ತಿಕೊಂಡರೆ ಕೈ ಒಳಗೆ ಹೋಗುತ್ತಿರಲಿಲ್ಲ.

"ಮಾವ, ಆರ್ಲಿ, ವಸಿ ತಾಳು" ಎಂದೆ.

"ಅವ್ಳಿಗೆ ತಾಳಾಕಾಯ್ತದಾ?" ಎಂದು ಹೇಳಿ ಬಾನೆಟ್ಟಿನೊಳಗೆ ಬಗ್ಗಿದ.

ಅವನು ಅಲ್ಲಿ ಏನು ಮಾಡುತ್ತಿದ್ದಾನೆಂದು ನನಗೆ ಕಾಣಲಿಲ್ಲ. ಬೆನ್ನು ಒಮ್ಮೊಮ್ಮೆ ಸೆಟೆದುಕೊಳ್ಳುತ್ತಿದ್ದದ್ದು ಮಾತ್ರ ಕಂಡಿತು. ಏರಿಯ ಇಳಿಜಾರು ಸಿಕ್ಕಿದ್ದರಿಂದ ಕಾರು ತಾನಾಗಿಯೇ ಉರುಳಿ, ಇಂಜಿನ್ ಶುರುವಾಯಿತು. ಆಮೇಲೆ ಇನ್ನೊಮ್ಮೆ ನಿಂತಿತು. ಮತ್ತೆ ಬಿಚ್ಚಿದ, ಒರೆಸಿದ. ಶಾಂತಿಗ್ರಾಮದ ಹತ್ತಿರ ಮತ್ತೂ ನಿಂತಾಗ, ಹಾಲಿನ ಕ್ಯಾನು ಹೊತ್ತು ಬರುತ್ತಿದ್ದವರು ಓಡಿ ಬಂದರು. ಮಾವನ ಕಾರನ್ನು ಆ ರಸ್ತೆಯಲ್ಲಿ ಗುರುತಿಲ್ಲದವರು ಯಾರು?

"ಏನ್ ಸಾ, ಇವತ್ತೂ ತಳ್ಳೋದಾ?" ಎಂದು ನಗುತ್ತ ಬಂದ ಒಬ್ಬ ಒಳಗೆ ಮಲಗಿದ್ದವಳನ್ನು ನೋಡಿ ಜೊತೆಯವರ ಕಡೆ ತಿರುಗಿದ. "ಲೇ, ಮೆತ್ತಗೆ ಕಣ್ರುಲಾ. ಜರ್ಕ್ ಹೊಡಿಬಾರ್ದು" ಎಂದ. ತುಂಬಿದ ಹಾಲಿನ ಬಿಂದಿಗೆ ಸಾಗಿಸುವವರ ಹಾಗೆ ನಡೆನಡೆದು ತಳ್ಳಿದರು. ಕಾರು ಹೊರಟಿತು. ಬಿಸಿಲು ಆಗಲೇ ಹಳದಿಗೆ ತಿರುಗಿತ್ತು.

ಅತ್ತೆ ನರಳುವುದನ್ನು ನಿಲ್ಲಿಸಿದ್ದಳು. ನರಳುತ್ತಿದ್ದಾಗ ನನಗೆ ಇಷ್ಟು ಭಯವಾಗಿರಲಿಲ್ಲ. ಅಷ್ಟರಲ್ಲಿ ಹೊಸದಾಗಿ ಟಾರು ಹಾಕಿದ ರಸ್ತೆ ಸಿಕ್ಕಿತು, ನುಣ್ಣಗೆ, ನೇರವಾಗಿ, ಕಣ್ಣು ಹರಿಯುವಷ್ಟು ದೂರ ಖಾಲಿ. ಮಾವ ಕಾರನ್ನು ಮೆಲ್ಲಗೇ ನಡೆಸುತ್ತ ಒಮ್ಮೆ ರಸ್ತೆ ನೋಡಿದ, ಒಮ್ಮೆ ಸೂರ್ಯನನ್ನು ನೋಡಿದ. ವೇಗ ಹೆಚ್ಚಿಸಿದರೆ ಹೊತ್ತು ಉಳಿಯುತ್ತದೆ. ಮುಂದೆ ಕಾಣದ ಒಂದು ಹಳ್ಳ ಸಿಕ್ಕಿದರೆ? ಅತ್ತೆಯ ಕಡೆ ಬಗ್ಗಿ ಕೇಳಿದ.

"ಇವ್ಳೇ... ವಸಿ ಬಿಡ್ಲಾ?"

ಅತ್ತೆ ಕಣ್ಣು ತೆರೆಯಲಿಲ್ಲ. ಯೋಚಿಸಿದಳು. ಆ ಸ್ಥಿತಿಯಲ್ಲೂ ಅವಳು ಸಾವಕಾಶವಾಗಿಯೇ ಯೋಚಿಸಿದಳು! "ಬಿಡ್ರೀ. ನೋಡೇಬಿಡಾನ" ಎಂದಳು.

ಮಾವ ಬಿಟ್ಟ. ತಿದಿ ಕೂಗಿತು. ಕೆಮ್ಮು, ದಮ್ಮು ಎಲ್ಲ ಎಲ್ಲಿ ಹೋಯಿತೋ! ಮರಗಳು ಹಿಂದಕ್ಕೆ ಓಡಿದವು. ಆದರೆ ಹಾಸಿಗೆಯ ಮೇಲೆ ಲೋಟ ಇಟ್ಟಿದ್ದರೂ ಅಲುಗಾಡದಷ್ಟು ಸಮನಾಗಿತ್ತು ಆ ಓಟ. ನಾನು ಗೊತ್ತಿದ್ದ ದೇವರ ಹೆಸರನ್ನೆಲ್ಲ ಹೇಳಿ ಮುಗಿಸಿ ಮತ್ತೆ ಮೊದಲಿನಿಂದ ಶುರು ಮಾಡಿದ್ದೆ. ಅತ್ತೆ ಕೈ ಚಾಚಿ ಮಾವನ ಪಂಚೆಯ ಅಂಚನ್ನು ಹಿಡಿದುಕೊಂಡಿದ್ದಳು.

"ಇದಾ ನಿಮ್ ಸುಖ?" ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ಗಾಳಿ ಚೆಂದಾಗೈತೆ" ಎಂದಳು.

ಎಷ್ಟು ವರ್ಷದಿಂದ ಮಾವ ಈ ಒಂದು ಮಾತಿಗೆ ಕಾದಿದ್ದನೋ ಏನೋ. ಹೆಮ್ಮೆ ಪಡಬೇಕಾಗಿದ್ದವನು ಮೂಗು ಎಳೆದುಕೊಂಡು ತೋಳಿನಿಂದ ಕಣ್ಣು ಒರೆಸಿದ.

ಟಾರು ಮುಗಿದು ಜಲ್ಲಿ ರಸ್ತೆ ಬಂತು. ಮತ್ತೆ ಮೆಲ್ಲಗೆ. ಹಾಸನದ ಮನೆಗಳು ಕಾಣಿಸಿದವು ಎನ್ನುವಾಗ ಸಾಲಾಗಿ ಗಾಡಿಗಳು ಅಡ್ಡ ಬಂದವು, ಇಂಜಿನ್ ನಿಂತಿತು. ಆಗಷ್ಟೇ ಹಾಗೆ ಓಡಿದ್ದ ಇಂಜಿನ್! ಬಾನೆಟ್ ತೆರೆದರೆ ಹಿಂದೆ ಕುಳಿತ ನನ್ನ ಮುಖಕ್ಕೇ ಝಳ ಹೊಡೆಯಿತು. ಈ ಸಲ ಅವನು ಪಕ್ಕದಿಂದ ಬಗ್ಗಿದಾಗ ಅವನ ಮುಖ ನನಗೆ ಕಾಣುತ್ತಿತ್ತು. ಹಲ್ಲು ಕಚ್ಚಿದ್ದ. ಚುರ್ ಎನ್ನುವ ಸಣ್ಣ ಶಬ್ದ ನನಗೆ ಕೇಳಿಸಿತು. ನಾನು ಕೂಗಿಕೊಳ್ಳಬೇಕು ಎನ್ನುವಷ್ಟರಲ್ಲಿ ಅವನು ಅತ್ತೆಯ ಕಡೆ ಕಣ್ಣು ತೋರಿಸಿ ಬೇಡವೆಂದು ತಲೆಯಾಡಿಸಿದ.

ಗಾಡಿಯವರು ತಳ್ಳಿ ಹೊರಡಿಸಿದ ಕಾರು ಆಸ್ಪತ್ರೆಯ ಗೇಟಿನಲ್ಲಿ ಕೊನೆಯ ಸಲ ಕೆಮ್ಮಿ ನಿಂತಿತು. ಮಾವ ಅದರ ಕಡೆ ತಿರುಗಿಯೂ ನೋಡಲಿಲ್ಲ. ಆಳುಗಳು ಅತ್ತೆಯನ್ನು ಒಳಗೆ ಹೊತ್ತೊಯ್ದರು, ಬಾಗಿಲು ಮುಚ್ಚಿತು. ಮಾವ ವರಾಂಡದ ಬೆಂಚಿನ ಮೇಲೆ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತ. ಒಂದು ಕಡೆ ಎರಡು ನಿಮಿಷ ಕುಳಿತವನಲ್ಲ ಅವನು. ಅವತ್ತು ದೀಪ ಹೊತ್ತಿಸುವವರೆಗೂ ಅಲ್ಲಾಡಲಿಲ್ಲ. ನಾನು ಕಾಫಿ ತಂದುಕೊಟ್ಟರೆ ಲೋಟ ಹಿಡಿಯಲಿಲ್ಲ. ಆ ಗಾಬರಿಯಲ್ಲಿ ಚುರ್ ಎಂದದ್ದು ನನಗೆ ಮರೆತೇಹೋಗಿತ್ತು, ದುಃಖಕ್ಕೆ ಬೇಡವಾಗಿರಬೇಕು ಎಂದುಕೊಂಡೆ.

ದೊಡ್ಡ ಡಾಕ್ಟರು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. "ಒಳ್ಳೆ ಹೊತ್ತಿಗೆ ತಂದಿರಿ. ಇನ್ನು ಸ್ವಲ್ಪ ತಡವಾಗಿದ್ದರೂ, ದಾರಿಯಲ್ಲಿ ಒಂದು ಸಲ ಜೋರಾಗಿ ಕುಲುಕಿದ್ದರೂ ಕಷ್ಟವಾಗುತ್ತಿತ್ತು. ಇನ್ನೇನೂ ಭಯವಿಲ್ಲ."

ಮಾವ ಎದ್ದು ನಿಂತು ಕೈ ಮುಗಿಯಲು ಹೋದ. ಕೈಗಳು ಕೂಡಲಿಲ್ಲ. ಬೆರಳುಗಳು ಮಡಿಸಲು, ಚಾಚಲು ಬಾರದ ಹಾಗೆ ಊದಿ, ತುದಿಯ ಚರ್ಮವೆಲ್ಲ ಸುಲಿದುಹೋಗಿತ್ತು. ಡಾಕ್ಟರು ಅವನ ಮಣಿಕಟ್ಟನ್ನು ಹಿಡಿದು ದೀಪದ ಕೆಳಗೆ ಎಳೆದುಕೊಂಡರು.

"ಏನ್ರೀ ಇದು?"

"ಏನಿಲ್ಲ ಸಾ. ವಸಿ ಬಿಸಿ ತಾಗ್ತು."

ಎರಡು ಕೈಗೂ ಬ್ಯಾಂಡೇಜು ಸುತ್ತಿದರು. ಇಬ್ಬರಲ್ಲಿ ರೋಗಿ ಯಾರೆಂದು ನರ್ಸಮ್ಮನವರಿಗೇ ಗೊಂದಲ. ಹೊಳೆನರಸೀಪುರದಿಂದ ನನ್ನ ತಾಯಿ ಬಂದು, ಅಂತೂ ಈ ಮಹಾರಾಯ ಒಂದು ಕಡೆ ನಿಂತ ಎಂದು ಅವನ ಪಕ್ಕ ಕುಳಿತು ಮನಸ್ಸು ತುಂಬ ಮಾತಾಡಿ ಹೋದಳು.

ಅತ್ತೆಗೆ ಎದ್ದು ಕೂರಲು ಬಂದ ದಿನ ಬೆಳಗ್ಗೆ ನಾನು ಗಂಜಿ ತಂದೆ. ಅವಳಿಗೆ ಕುಡಿಸಲು ಹೋದರೆ, "ಇಲ್ ಕೊಡು" ಎಂದು ಬಟ್ಟಲು ಕಿತ್ತುಕೊಂಡಳು. ಪಕ್ಕದ ಸ್ಟೂಲಿನ ಮೇಲೆ ಮಾವ ಬಿಳಿ ಗಂಟಿನಂತಾದ ಎರಡು ಕೈ ಇಟ್ಟುಕೊಂಡು ಕುಳಿತಿದ್ದ. ಅತ್ತೆ ಒಂದು ಚಮಚ ಗಂಜಿ ತೆಗೆದು, ಊದಿ, ತುಟಿಗೆ ತಾಗಿಸಿ ನೋಡಿ, ಮತ್ತೆ ಊದಿ ಅವನ ಬಾಯಿಗೆ ಕೊಟ್ಟಳು.

"ಕೈ ಸುಡ್ತೈತೆ ಅಂತ ನಂಗ್ಯಾಕೆ ಯೋಳ್ನಿಲ್ಲ?" ಎಂದಳು.

"ಯೋಳಿದ್ರೆ ನಿಲ್ಸಿ ಅಂತಿದ್ದೆ ನೀನು" ಎಂದ ಮಾವ.

ಅತ್ತೆ ಇನ್ನೊಂದು ಚಮಚ ತೆಗೆದು ಊದತೊಡಗಿದಳು. ಬಹಳ ಹೊತ್ತು ಊದಿದಳು. ಮಾವ ಬಾಯಿ ತೆರೆದುಕೊಂಡು ಸುಮ್ಮನೆ ಕಾಯುತ್ತಿದ್ದ.