ಅಲಿಫ್, ಬಾ, ಬೂತಾಯಿ

ಅರಬಿ ಭಾಷೆಗೆ ಇರುವುದು ಕೇವಲ ಇಪ್ಪತ್ತೆಂಟು ಅಕ್ಷರ. ನಮ್ಮ ಕನ್ನಡದ ವ್ಯಂಜನಗಳೇ ಅದಕ್ಕಿಂತ ಹೆಚ್ಚು. ಅರ್ಧ ಆಯುಷ್ಯವನ್ನು ಕಾಪುವಿನ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವುದರಲ್ಲೇ ಸವೆಸಿದ, ಶ-ಷ-ಸಗಳ ಮೂರು ದಾರಿಗಳಲ್ಲಿ ತಲೆಮಾರುಗಳನ್ನೇ ಕೈಹಿಡಿದು ನಡೆಸಿದ ವಿಠಲ ಮಾಸ್ಟ್ರು ಎಂಬ ನನಗೆ ಅದು ಯಾವ ಲೆಕ್ಕ? ಒಂದು ಬೆಳಗ್ಗೆ ಕಾಫಿ ಲೋಟ ಕೆಳಗಿಟ್ಟು ಹೆಂಡತಿಯ ಮುಂದೆ ಘೋಷಿಸಿಯೇಬಿಟ್ಟೆ.

"ಮೇಡಂ ಬರುವುದರೊಳಗೆ ನಾನು ಅರಬಿ ಓದಲು, ಮಾತಾಡಲು ಕಲಿತು ಮುಗಿಸಿರುತ್ತೇನೆ."

ವಿನೋದಾ ತೆಂಗಿನಕಾಯಿ ತುರಿಯುವುದನ್ನು ನಿಲ್ಲಿಸಲಿಲ್ಲ. "ಮೊನ್ನೆ ಮೊಬೈಲಿನ ಲಾಕ್ ಮರೆತು ಅಂಗಡಿಗೆ ಹೋಗಿ ತೆಗೆಸಿಕೊಂಡು ಬಂದದ್ದು ಯಾರು?"

"ಅದು ಅಂಕೆ. ಇದು ಅಕ್ಷರ."

ಮೇಡಂ ಎಂದರೆ ನಮ್ಮ ಮಗಳು ಅಕ್ಷಿತಾಳ ಮೇಲಧಿಕಾರಿ. ಅಕ್ಷಿತಾ ಮಸ್ಕತ್ತಿನ ಒಂದು ಕಂಪೆನಿಯಲ್ಲಿ ಕೆಲಸಕ್ಕಿದ್ದಾಳೆ. ಅಲ್ಲಿನವರೇ ಆದ ಈ ಮೇಡಂ ತಮ್ಮ ತಾಯಿಯ ಮೊಣಕಾಲು ತೋರಿಸಲು ಮಣಿಪಾಲಕ್ಕೆ ಬರುವವರಿದ್ದರು. ಬಂದಾಗ ಒಂದು ಮಧ್ಯಾಹ್ನ ನಮ್ಮ ಮನೆಗೂ ಊಟಕ್ಕೆ ಬರುತ್ತೇವೆ ಎಂದಿದ್ದರು. ಅಕ್ಷಿತಾಳ ಕೆಲಸದ ಕರಾರು ಇನ್ನೇನು ಮುಗಿಯುವುದರಲ್ಲಿತ್ತು. ಅದನ್ನು ಮುಂದುವರಿಸುವುದು, ಬಿಡುವುದು ಎರಡೂ ಇದೇ ಮೇಡಂ ಕೈಯಲ್ಲಿ.

"ಅಪ್ಪಾ, ಅವರಿಗೆ ಇಂಗ್ಲಿಷ್ ಚೆನ್ನಾಗಿ ಬರ್ತದೆ. ನೀವು ಏನೂ ಮಾಡ್ಲಿಕ್ಕೆ ಹೋಗಬೇಡಿ. ಸುಮ್ಮನೆ ನಗಾಡಿ, ಅಷ್ಟೇ ಸಾಕು," ಎಂದು ಮಗಳು ಫೋನಿನಲ್ಲಿ ಬೇಡಿಕೊಂಡಳು. ಒಬ್ಬ ಕನ್ನಡ ಪಂಡಿತನಿಗೆ ಸುಮ್ಮನಿರು ಎನ್ನುವುದು ನಾಯಿಗೆ ಬೊಗಳಬೇಡ ಎಂದಷ್ಟೇ ಫಲಕಾರಿ.

ಗುರುವನ್ನು ಹುಡುಕಿಕೊಂಡು ದೂರ ಹೋಗಬೇಕಾಗಲಿಲ್ಲ. ಪಕ್ಕದ ಮನೆಯ ಝೀಟಾ ಬಾಯಿ ಕುವೈತಿನ ಆಸ್ಪತ್ರೆಯೊಂದರಲ್ಲಿ ಹೆಡ್ ನರ್ಸ್ ಆಗಿದ್ದು ನಿವೃತ್ತರಾಗಿ ಬಂದವರು. ಪಾಠ ಆರಂಭವಾಗುವ ಮೊದಲೇ ನಾನು ಫೇಲಾದೆ.

"ಜೀಟಾ ಬಾಯಿ, ಶುರು ಮಾಡುವನಾ?"

"ಮೊದಲು ನನ್ನ ಹೆಸರು ಸರಿಯಾಗಿ ಹೇಳಿ ಮಾಸ್ಟ್ರೆ. ಜ ಅಲ್ಲ, ಝ. ಅರಬಿಯಲ್ಲಿ ಇಂಥ ಉಚ್ಚಾರ ನಾಲ್ಕು ಉಂಟು. ನಿಮಗೆ ಒಂದೂ ಬರುವುದಿಲ್ಲ."

ಆದರೂ ಅವರು ತಾಳ್ಮೆಯಿಂದ ಕಲಿಸಿದರು. ಅಲಿಫ್ ಎಂಬುದು ನೆಟ್ಟಗೆ ನಿಂತ ಕೋಲು. ಆಮೇಲೆ ದೋಣಿಯಂಥ ಒಂದು ಗೆರೆ. ಕೆಳಗೆ ಒಂದು ಚುಕ್ಕಿ ಇಟ್ಟರೆ ಬಾ, ಮೇಲೆ ಎರಡಿಟ್ಟರೆ ತಾ, ಮೂರಿಟ್ಟರೆ ಥಾ. "ಚುಕ್ಕಿ ತಪ್ಪಿದರೆ ಮಲ್ಪೆಗೆ ಹೊರಟ ದೋಣಿ ಹೆಜಮಾಡಿಗೆ ಮುಟ್ಟುತ್ತದೆ, ನೆನಪಿಡಿ," ಎಂದರು. ನಾನು ಗಾಂಭೀರ್ಯದಿಂದ ತಲೆಯಾಡಿಸಿ, ಆ ಕ್ಷಣವೇ ಮರೆತೆ. ಏಕೆಂದರೆ ನನ್ನ ಗಮನವೆಲ್ಲ ಗಂಟಲಿನಲ್ಲಿತ್ತು. ಅರಬಿಯಲ್ಲಿ 'ಅಯ್ನ್' ಎಂಬ ಒಂದು ಅಕ್ಷರವುಂಟು. ಅದು ಬಾಯಿಯ ಅಕ್ಷರವಲ್ಲ, ಕುತ್ತಿಗೆಯ ಅಕ್ಷರ.

"ಡಾಕ್ಟರು ಬಾಯಿ ತೆರೆಸಿ 'ಆ' ಅನ್ನಿಸುತ್ತಾರಲ್ವಾ? ಅದಕ್ಕಿಂತ ಕೆಳಗಿನಿಂದ ಬರಬೇಕು. ಯಾರೋ ಗಂಟಲು ಮೆಲ್ಲಗೆ ಹಿಸುಕಿದ ಹಾಗೆ," ಎಂದರು ಝೀಟಾ ಬಾಯಿ.

ಸಾಧಕನಿಗೆ ಹೊತ್ತು ಗೊತ್ತು ಎಂಬುದಿಲ್ಲ. ಆ ದಿನ ಮಧ್ಯಾಹ್ನ ಕುಚ್ಚಲಕ್ಕಿ ಅನ್ನಕ್ಕೆ ಬೂತಾಯಿ ಮೀನಿನ ಸಾರು ಬಡಿಸಿದ್ದಳು ವಿನೋದಾ. ಎರಡು ತುತ್ತು ಉಂಡೆ. ಮೂರನೆಯದರ ಮೊದಲು ಒಳಗಿನಿಂದ ಪ್ರೇರಣೆ ಬಂತು. ಕಣ್ಣು ಮುಚ್ಚಿ, ಕತ್ತು ಮುಂದಕ್ಕೆ ಚಾಚಿ, ಗಂಟಲಿನ ತಳದಿಂದ "ಅ್ಅ್ಅ್ಅ" ಎಂದೆ.

ವಿನೋದಾಳ ಕೈಯಿಂದ ಸೌಟು ಬಿತ್ತು. "ಅಯ್ಯೋ ದೇವರೇ, ಮುಳ್ಳು."

ಇಲ್ಲ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಮುಷ್ಟಿ ಗಾತ್ರದ ಅನ್ನದ ಉಂಡೆಯೊಂದು ಒಳಗೆ ಬಂತು. ಹಿಂದೆಯೇ ಅರ್ಧ ಬಾಳೆಹಣ್ಣು. ಬೆನ್ನ ಮೇಲೆ ಗುದ್ದುಗಳು ಬಿದ್ದವು, ಅವುಗಳಲ್ಲಿ ಮುಳ್ಳಿನದು ಎಷ್ಟು, ದಾಂಪತ್ಯದ ಹಳೆಯ ಬಾಕಿ ಎಷ್ಟು ಎಂದು ನಾನು ಇಂದಿಗೂ ಲೆಕ್ಕ ಹಾಕುತ್ತಿದ್ದೇನೆ. ನಾನು ಕೈಸನ್ನೆಯಿಂದ ಅಲಿಫ್ ಬರೆದು ತೋರಿಸಿದೆ. ಅದು ಅವಳಿಗೆ ಮುಳ್ಳಿನ ಉದ್ದದ ಹಾಗೆ ಕಂಡಿತು. ಹತ್ತು ನಿಮಿಷದಲ್ಲಿ ನಮ್ಮ ರಸ್ತೆಯ ಡ್ರೈವರ್ ಕಾರ್ಲ್ಟನ್‌ನ ರಿಕ್ಷಾ ನನ್ನನ್ನು ಡಾಕ್ಟರ ಮುಂದೆ ಇಳಿಸಿತ್ತು.

ಡಾಕ್ಟರು ಟಾರ್ಚು ಬಿಟ್ಟು ನೋಡಿದರು. "ಮುಳ್ಳಿಲ್ಲ. ಆದರೆ ಗಂಟಲು ಕೆಂಪಾಗಿ ಹೋಗಿದೆ. ಎಂತ ಮಾಡಿದ್ದು?"

"ಅರಬಿ," ಎಂದೆ.

ಅವರು ವಿನೋದಾಳ ಕಡೆ ನೋಡಿದರು. ಅವಳು ಗೋಡೆಯ ಕಡೆ ನೋಡಿದಳು. ಮಾತು ಬಂದ್, ಉಪ್ಪುನೀರಲ್ಲಿ ಬಾಯಿ ಮುಕ್ಕಳಿಸಬೇಕು ಎಂದು ಅಪ್ಪಣೆಯಾಯಿತು. ಸಂಜೆ ಬಚ್ಚಲಿನ ಬದಿಯಲ್ಲಿ ನಿಂತು, ಮುಖ ಆಕಾಶಕ್ಕೆತ್ತಿ, ಗಳಗಳ ಎಂದು ಉಪ್ಪುನೀರು ಮುಕ್ಕಳಿಸುತ್ತಿದ್ದಾಗ ಕಾಂಪೌಂಡಿನ ಆಚೆಯಿಂದ ಝೀಟಾ ಬಾಯಿಯ ತಲೆ ಕಂಡಿತು.

"ಮಾಸ್ಟ್ರೆ, ಅದು ಅಯ್ನ್ ಆದ ಮೇಲಿನ ಅಕ್ಷರ, 'ಘಯ್ನ್'. ಈಗ ಸರಿಯಾಗಿ ಬಂತು ನೋಡಿ. ನೀರಿಲ್ಲದೆ ಹೇಳಿ ನೋಡುವ."

ನೀರಿಲ್ಲದೆ ಅದು ಬರಲಿಲ್ಲ.

ಅಂತೂ ಇಪ್ಪತ್ತೆಂಟು ಅಕ್ಷರಗಳನ್ನು ಗೋಡೆಯ ಚಾರ್ಟಿನಲ್ಲಿ ಗುರುತಿಸುವಷ್ಟಾದೆ. ಅಷ್ಟರಲ್ಲಿ ಝೀಟಾ ಬಾಯಿ ಕಾರ್ಕಳದಲ್ಲಿರುವ ತಂಗಿಯ ಮನೆಗೆ ಮದುವೆಗೆಂದು ಹೊರಟರು. "ಇನ್ನು ಅಕ್ಷರ ಕೂಡಿಸುವ ಪಾಠ ಬಾಕಿ ಉಂಟು. ಒಂದಕ್ಕೊಂದು ಕೂಡುವಾಗ ಅವುಗಳ ಆಕಾರವೇ ಬದ—"

"ಕೂಡಿಸುವುದು ಕಳೆಯುವುದು ನಮಗೆ ಗೊತ್ತುಂಟು ಬಾಯಿ. ನೀವು ಆರಾಮಾಗಿ ಹೋಗಿ ಬನ್ನಿ," ಎಂದು ಗುರುವನ್ನು ಬಸ್ಸು ಹತ್ತಿಸಿದೆ.

ಮರುದಿನವೇ ಉಡುಪಿಯ ಫ್ಲೆಕ್ಸ್ ಅಂಗಡಿಗೆ ಹೋದೆ. ಗೇಟಿನ ಮೇಲೆ ಅರಬಿಯಲ್ಲಿ 'ಅಹ್ಲನ್ ವ ಸಹ್ಲನ್', ಅಂದರೆ ಸುಸ್ವಾಗತ, ಎಂದು ಹಾಕಿಸುವುದು ನನ್ನ ಯೋಜನೆ. ಅಂಗಡಿಯ ರೂಪೇಶ್ ಗೂಗಲ್‌ನಿಂದ ಎತ್ತಿ ಕಂಪ್ಯೂಟರಿನಲ್ಲಿ ತೋರಿಸಿದ. ನೋಡಿದೆ. ಬ್ಯಾಂಕಿನ ಮ್ಯಾನೇಜರು ಅವಸರದಲ್ಲಿ ಹಾಕಿದ ಸಹಿಯ ಹಾಗಿತ್ತು. ನಾನು ಕಲಿತ ಅಕ್ಷರಗಳಲ್ಲಿ ಕೋಲೊಂದನ್ನು ಬಿಟ್ಟರೆ ಒಂದೂ ಕಾಣಲಿಲ್ಲ.

"ಎಂತ ಮಾರಾಯ ಇದು? ಹಾ ಎಲ್ಲಿ? ಸೀನ್ ಅಕ್ಷರದ ಬಾಲ ಎಲ್ಲಿ ಹೋಯಿತು?"

"ಸರ್, ಗೂಗಲ್ ಹೀಗೇ ಕೊಟ್ಟದ್ದು."

"ಗೂಗಲಿಗೆ ಯಾರು ಕಲಿಸಿದ್ದೋ ಏನೋ. ನಾನು ಚಾರ್ಟ್ ನೋಡಿ ಕಲಿತವನು. ಒಂದೊಂದೇ ಅಕ್ಷರ ಪೂರ್ತಿ ಬರೆ. ನಾನು ಹೇಳ್ತೇನೆ."

ನಾನು ಒಂದೊಂದಾಗಿ ಹೇಳಿದೆ. ಅವನು ಒಂದೊಂದನ್ನೇ ಹುಡುಕಿ, ಎಡದಿಂದ ಬಲಕ್ಕೆ ಸಾಲಾಗಿ ನಿಲ್ಲಿಸಿದ. ನಾನೂ ಎಡದಿಂದ ಬಲಕ್ಕೆ ಬೆರಳಿಟ್ಟು ಓದಿ, ಒಂದಕ್ಷರ ತಪ್ಪಿಲ್ಲ ಎಂದು ಬೆನ್ನು ತಟ್ಟಿದೆ. ಅರಬಿಯನ್ನು ಬಲದಿಂದ ಎಡಕ್ಕೆ ಓದಬೇಕೆಂದು ಊರಿಗೆಲ್ಲ ಭಾಷಣ ಬಿಗಿದಿದ್ದವನು ನಾನೇ.

"ಸ್ವಲ್ಪ ಖಾಲಿ ಖಾಲಿ ಕಾಣ್ತದೆ ಅಲ್ವಾ ಸರ್? ಮೇಲೆ ಕೆಳಗೆ ನಮ್ಮ ಶಂಕರಪುರ ಮಲ್ಲಿಗೆಯ ಮೊಗ್ಗು ಇಡುವನಾ?"

"ಇಡು, ಇಡು. ನಮ್ಮ ಊರಿನ ಪರಿಮಳವೂ ಇರಲಿ."

ಹೀಗೆ ಕೆಲವು ಅಕ್ಷರಗಳ ಮೇಲೆ ಎರಡು, ಕೆಲವುಗಳ ಕೆಳಗೆ ಒಂದು, ಇನ್ನು ಕೆಲವುಗಳ ಸುತ್ತ ಮೂರು ಮೊಗ್ಗುಗಳು ಅರಳದೆ ನಿಂತವು.

ಆ ದಿನ ಬಂತು. ಮೇಡಂ, ಅವರ ವಯಸ್ಸಾದ ತಾಯಿ ಇಬ್ಬರೂ ಕಾರಿನಿಂದ ಇಳಿದರು. ತಾಯಿ ಫ್ಲೆಕ್ಸಿನ ಮುಂದೆ ನಿಂತರು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಮತ್ತೆ ನೋಡಿದರು. ಮಗಳ ಕಿವಿಯಲ್ಲಿ ಏನೋ ಕೇಳಿದರು. ಮಗಳು ಭುಜ ಹಾರಿಸಿದರು. ಆನಂದದಿಂದ ಅವರ ಮಾತು ಕಟ್ಟಿದೆ ಎಂದುಕೊಂಡು ನಾನು ಒಳಗೆ ಕರೆದೆ.

ವಿನೋದಾ ಮಾಡಿದ ನೀರುದೋಸೆ, ಅಂಜಲ್ ಮೀನಿನ ಫ್ರೈ ಎರಡನ್ನೂ ಅವರು ಮನಸಾರೆ ತಿಂದರು. ಎಲ್ಲ ಸುಖವಾಗಿಯೇ ಮುಗಿಯುತ್ತಿತ್ತು. ಆದರೆ ಕೊನೆಗೆ ಒಣ ಅಂಜೂರದ ತಟ್ಟೆ ಬಂತು. ಅಂಜೂರಕ್ಕೆ ಅರಬಿಯಲ್ಲಿ 'ತೀನ್' ಎಂದು ನಾನು ವಿಶೇಷವಾಗಿ ಕಲಿತಿದ್ದೆ. ಅರಬಿಯಲ್ಲಿ 'ತ' ಎರಡು: ಒಂದು ಹಗುರ, ಒಂದು ಭಾರ. ಅತಿಥಿಗಳಿಗೆ ಹಗುರದ್ದು ಕೊಡುವುದು ಮರ್ಯಾದೆಯೇ? ಬಾಯಿ ತುಂಬ ಗಾಳಿ ತುಂಬಿಕೊಂಡು, ಭಾರವಾಗಿ "ತೀನ್, ತೀನ್" ಎಂದು ತಟ್ಟೆಯನ್ನು ತಾಯಿಯ ಮುಂದೆ ತಳ್ಳಿದೆ.

ಅವರು ಚಾಚಿದ ಕೈ ಹಿಂದಕ್ಕೆ ಹೋಯಿತು. ಮೇಡಂ ನಗು ತಡೆದುಕೊಂಡು ಇಂಗ್ಲಿಷಿನಲ್ಲಿ ವಿವರಿಸಿದರು: ಹಗುರವಾಗಿ ಹೇಳಿದರೆ ಅಂಜೂರ, ಭಾರವಾಗಿ ಹೇಳಿದರೆ ಕೆಸರು.

"ಎಂತ ಹೇಳಿದ್ದು ಅವರು?" ಎಂದು ವಿನೋದಾ ಪಿಸುಗುಟ್ಟಿದಳು.

"ರುಚಿ ಉಂಟಂತೆ."

"ತಿನ್ನಿ ಅಂತ ಕನ್ನಡದಲ್ಲೇ ಹೇಳಬಹುದಿತ್ತು."

ಹೊರಡುವಾಗ ಮೇಡಂ ಗೇಟಿನ ಬಳಿ ನಿಂತರು. ನನ್ನ ಎದೆ ಉಬ್ಬಿತು. ಇಷ್ಟು ಹೊತ್ತು ಕಾದಿದ್ದ ಹೊಗಳಿಕೆ ಈಗ ಬರುತ್ತದೆ.

"ಇದು ಬಹಳ ಸುಂದರವಾಗಿದೆ," ಎಂದರು ಇಂಗ್ಲಿಷಿನಲ್ಲಿ. "ಅಕ್ಷಿತಾ ಮನೆಮಾತು ತುಳು ಎಂದಿದ್ದಳು. ಇದು ತುಳು ಲಿಪಿಯೇ? ನಮ್ಮ ಅಕ್ಷರಗಳ ದೂರದ ನೆಂಟರಂತೆ ಕಾಣುತ್ತದೆ ಎನ್ನುತ್ತಾರೆ ಅಮ್ಮ."

ನನ್ನ ನಾಲಗೆ ಗಂಟಲಿನ ತಳಕ್ಕೆ, ಅಯ್ನ್ ಇರುವಲ್ಲಿಗೆ ಇಳಿಯಿತು. ವಿನೋದಾ ಫ್ಲೆಕ್ಸನ್ನು ನೋಡಿದಳು, ನನ್ನನ್ನು ನೋಡಿದಳು, ಮಗಳ ಕರಾರನ್ನು ನೆನೆದಳು.

"ಎಸ್, ಎಸ್. ತುಳು," ಎಂದಳು.

"ಓದಿ ಹೇಳುತ್ತೀರಾ?"

ತುಳುವಿಗೆ ನಿಜವಾಗಿಯೂ ಸ್ವಂತ ಲಿಪಿಯುಂಟು. ಹುಟ್ಟಿದಂದಿನಿಂದ ತುಳು ಮಾತಾಡುವ ನನಗೆ ಅದರಲ್ಲಿ ನನ್ನ ಹೆಸರು ಬರೆಯಲೂ ಬರುವುದಿಲ್ಲ. ಮಲ್ಲಿಗೆ ಮೊಗ್ಗುಗಳ ಮೇಲೆ ಬೆರಳಾಡಿಸುತ್ತಾ "ಎಂಕ್ಲೆನ ಇಲ್ಲಗ್ ಬಲೆ" ಎಂದೆ. ನಮ್ಮ ಮನೆಗೆ ಬನ್ನಿ ಎಂದು ಅರ್ಥ ಹೇಳಿದೆ. ತಾಯಿ ಒಂದೇ ಸಲಕ್ಕೆ ಅದನ್ನು ತಪ್ಪಿಲ್ಲದೆ ಹೇಳಿ, ನಕ್ಕು, ನನ್ನ ಕೈ ಹಿಡಿದುಕೊಂಡರು. ಮೇಡಂ ಫ್ಲೆಕ್ಸನ್ನು ಬಿಚ್ಚಿಸಿ ಸುರುಳಿ ಸುತ್ತಿ, ಆಫೀಸಿಗೆ ಬೇಕು ಎಂದು ಕಾರಿನಲ್ಲಿಟ್ಟುಕೊಂಡು ಹೋದರು.

ಮುಂದಿನ ವಾರ ಅಕ್ಷಿತಾಳ ಫೋನು ಬಂತು, ವಿನೋದಾಳಿಗೂ ಕೇಳಲೆಂದು ಸ್ಪೀಕರಿಗೆ ಹಾಕಿದೆ. ಕರಾರು ಮುಂದುವರಿದಿತ್ತು. ವಿನೋದಾ ಕಣ್ಣೊರೆಸಿಕೊಂಡಳು. ನಾನೂ ದೊಡ್ಡ ಉಸಿರು ಬಿಡುವುದರಲ್ಲಿದ್ದೆ.

"ಆದ್ರೆ ಅಪ್ಪಾ," ಎಂದಳು ಮಗಳು, "ಅದನ್ನು ಆಫೀಸಿನ ಬಾಗಿಲಲ್ಲೇ ಹಾಕಿದ್ದಾರೆ. ಈಗ ಮೇಡಂಗೆ ಆ ಲಿಪಿ ಕಲೀಬೇಕಂತೆ. ಭಾನುವಾರ ವಿಡಿಯೊ ಕಾಲ್‌ನಲ್ಲಿ ನೀವೇ ಪಾಠ ಮಾಡ್ಬೇಕಂತೆ. ಒಟ್ಟು ಎಷ್ಟು ಅಕ್ಷರ ಉಂಟು ಅಂತ ಕೇಳಿದ್ರು. ಎಷ್ಟು ಹೇಳ್ಲಿ?"

ನಾನು ಫೋನಿಗೆ ಕೈ ಅಡ್ಡ ಹಿಡಿದು ಹೆಂಡತಿಯ ಮುಖ ನೋಡಿದೆ.

"ಕಡಿಮೆ ಹೇಳಿ ಮಾರಾಯ್ರೆ," ಎಂದಳು ವಿನೋದಾ. "ಭಾನುವಾರದೊಳಗೆ ಅಷ್ಟನ್ನೂ ನೀವೇ ಹುಟ್ಟಿಸಬೇಕಲ್ಲ."