ಸೋದರಮಾವನ ಮೊದಲ ತುತ್ತು

ನಮ್ಮ ಅತ್ತೆಮನೆಯಲ್ಲಿ ನಗುವುದಕ್ಕೆ ನಾಟಕದವರೇ ಬರಬೇಕೆಂದಿರಲಿಲ್ಲ. ಯಾರಾದರೊಬ್ಬರು ಶಾಸ್ತ್ರ ಮಾತಾಡಿದರೆ ಸಾಕಿತ್ತು. ಅರಸೀಕೆರೆಯಲ್ಲಿ ಕೊಬ್ಬರಿ ಮಂಡಿ ಇಟ್ಟಿದ್ದ ಮನೆ, ಎರಡನೇ ಮಹಾಯುದ್ಧದ ಕಾಲ. ನನ್ನ ಚೊಚ್ಚಲ ಮಗ ತಿನ್ನುವುದಕ್ಕೆ ಶುರು ಮಾಡುವ ಹೊತ್ತಿನಲ್ಲಂತೂ ದಿನಕ್ಕೊಂದು ಪ್ರಸಂಗ.

ಹೋಳಿಗೆ ಮುಗಿದ ಪಂಕ್ತಿ

ನಮ್ಮಲ್ಲಿ ಮಗುವಿಗೆ ಮೊದಲ ತುತ್ತು ಇಡಬೇಕಾದವನು ಸೋದರಮಾವ. ಅವನು ಇಡುವ ತನಕ ತಾಯಿಹಾಲು ಬಿಟ್ಟು ಬೇರೇನೂ ಬಾಯಿಗೆ ಸೋಕಬಾರದು. ಆ ಸೋದರಮಾವ ಎಂದರೆ ನನ್ನ ಅಣ್ಣ, ಬಿಕ್ಕೋಡಿನ ಹತ್ತಿರ ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರು. ನಾಮಕರಣದ ದಿನ ಅತ್ತೆ ಅವನನ್ನು ಕೊನೇ ಪಂಕ್ತಿಗೆ ಕೂರಿಸಿದ್ದರು. ಅಷ್ಟರಲ್ಲಿ ಹೋಳಿಗೆ ಮುಗಿದಿತ್ತು. ಬರೀ ಅನ್ನ ಸಾರು ಉಂಡು ಎದ್ದವನು ಮತ್ತೆ ನಮ್ಮ ಹೊಸ್ತಿಲು ತುಳಿಯಲಿಲ್ಲ. ಕರೆಸಿದಾಗಲೆಲ್ಲ "ಹಣ್ಣು ಕೀಳೋ ಕಾಲ, ಪುರುಸೊತ್ತಿಲ್ಲ" ಎಂದು ಹೇಳಿಕಳಿಸುತ್ತಿದ್ದ. ಸುತ್ತಲ ತೋಟಗಳಲ್ಲೆಲ್ಲ ಕೊಯ್ಲು ಮುಗಿದರೂ ಅವನ ತೋಟದಲ್ಲಿ ಮಾತ್ರ ಹಣ್ಣು ಕೀಳುತ್ತಲೇ ಇದ್ದರು.

ಇತ್ತ ಮಗುವಿಗೆ ಕೆಳಗಡೆ ಎರಡು ಹಲ್ಲು ಬಂತು. ಸೌಟು, ಕೈಕೋಲು, ಕಂಬಳಿಯ ಅಂಚು, ಸಿಕ್ಕಿದ್ದನ್ನೆಲ್ಲ ಕಚ್ಚತೊಡಗಿತು.

"ಮೆತ್ತಗಿರೋದು ಏನಾದ್ರೂ ಕೈಗೆ ಕೊಡಲಾ ಅತ್ತೆ?" ಎಂದೆ.

"ಅಯ್ಯೋ, ಸೋದರಮಾವ ಮುಟ್ಟಿಸ್ದೆ ತಿಂದ್ರೆ ಮಗು ಮೂಕ ಆಯ್ತದೆ ಕಣೇ!"

ಅವರು ಇದನ್ನು ಹೇಳುತ್ತಿದ್ದಾಗ ಮಗು ಮಾವನವರ ಚಪ್ಪಲಿ ಬಾರು ಚೀಪುತ್ತಿತ್ತು. ಚಪ್ಪಲಿಗೆ ಶಾಸ್ತ್ರದ ಅಡ್ಡಿ ಇರಲಿಲ್ಲ.

ಮೂರು ಬಾಯಿ, ಮೂರು ತಿಂಡಿ

ಅಣ್ಣ ಬರುವುದು ಯಾವಾಗಲೋ, ಜಗಳ ಮಾತ್ರ ಮುಂಚೆಯೇ ಶುರುವಾಯಿತು. ತುತ್ತಿನ ಶಾಸ್ತ್ರ ಆದಮೇಲೆ ಮಗು ತಾನೇ ಹಿಡಿದು ತಿನ್ನಲಿಕ್ಕೆ ಕೈಗೆ ಏನು ಕೊಡಬೇಕು?

"ಕೊಬ್ಬರಿ ಹೋಳು. ಮಂಡಿ ನಡೆಸ್ಬೇಕಾದೋನು ಕೊಬ್ಬರಿ ರುಚಿ ತಿಳೀದೆ ಬೆಳೀಬಾರ್ದು" ಎಂದರು ಮಾವನವರು.

"ಗಂಟಲಿಗೆ ಸಿಕ್ಕಿದ್ರೆ ಮಂಡಿ ಬತ್ತೈತಾ ತೆಗ್ಯಾಕೆ? ರಾಗಿರೊಟ್ಟಿ ಚೂರಿಗೆ ಬೆಣ್ಣೆ ಸವರಿ ಕೊಡ್ಬೇಕು" ಎಂದರು ಅತ್ತೆ.

ನಮ್ಮ ಯಜಮಾನರು ರೈಲ್ವೆ ಗೂಡ್ಸ್ ಆಫೀಸಿನಲ್ಲಿ ಗುಮಾಸ್ತರು. ಅವರದು ಬಿಸ್ಕತ್ತು. "ರೈಲಲ್ಲಿ ಹೋಗೋ ದೊರೆಗಳ ಮಕ್ಕಳು ಅದನ್ನೇ ಚೀಪ್ತಾವೆ, ನಾನೇ ನೋಡಿದೀನಿ" ಎಂದರು.

"ಅದಕ್ಕೇ ಅವು ಒಂದ್ ಕಡೆ ನಿಲ್ದೆ ಊರೂರು ಅಲೀತಾವೆ" ಎಂದರು ಅತ್ತೆ.

ಹೆತ್ತವಳನ್ನು ಯಾರೂ ಕೇಳಲಿಲ್ಲ. ಮೂವರೂ ಒಪ್ಪಿದ್ದು ಒಂದೇ ಮಾತನ್ನು: ಸೋದರಮಾವ ಬರುವ ತನಕ ಯಾರೂ ಏನೂ ಕೊಡಕೂಡದು. ಆ ಮನೆಯಲ್ಲಿ ಮೂವರು ಒಂದು ಮಾತಿಗೆ ಒಪ್ಪಿದ್ದು ಅದೇ ಮೊದಲು. ನನಗೆ ಆಗಲೇ ಅನುಮಾನ ಬರಬೇಕಿತ್ತು.

ನಶ್ಯದ ಮೂಗು

ಆಮೇಲೆ ಮಗು ನನ್ನ ಹತ್ತಿರ ಹಾಲು ಕುಡಿಯುವುದನ್ನೇ ಕಡಿಮೆ ಮಾಡಿತು. ಮಡಿಲಿಗೆ ಹಾಕಿಕೊಂಡರೆ ಮುಖ ತಿರುಗಿಸುವುದು, ಒದೆಯುವುದು.

ಅತ್ತೆ ವಿಚಾರಣೆ ಶುರುಮಾಡಿದರು. ದಿನಾ ಸಂಜೆ ದೀಪ ಹಚ್ಚಿ, ಒಂದು ಚಿಟಿಕೆ ನಶ್ಯ ಏರಿಸಿ, ಮಗುವಿನ ಬಾಯಿ ಮೂಸುವರು. ನಶ್ಯ ಏರಿಸಿದ ಮೂಗಿಗೆ ಅಡಿಗೆಮನೆ ಹೊತ್ತಿ ಉರಿದರೂ ವಾಸನೆ ಬರುತ್ತಿರಲಿಲ್ಲ. ಆದರೂ ತೀರ್ಪು ಕೊಡುವರು: "ಏನೂ ತಿಂದಿಲ್ಲ. ಅಂದ್ಮೇಲೆ ನಿನ್ ಹಾಲ್ನಾಗೇ ಸತ್ವ ಇಲ್ಲ ಕಣೇ."

ಹಾಲು ಹೆಚ್ಚಲೆಂದು ಬೆಳ್ಳುಳ್ಳಿ, ಮೆಂತ್ಯ, ಸಬ್ಬಸಿಗೆ ಎಲ್ಲ ನನ್ನ ಹೊಟ್ಟೆ ಸೇರಿದವು. ಮಗು ಮಾತ್ರ ಹಾಲು ಕುಡಿಯಲೊಲ್ಲದು, ಆದರೆ ದುಂಡುದುಂಡಗೆ ಆಗುತ್ತಿತ್ತು. ದುಂಡಗಾಗಿದ್ದು ಅವರ ವಂಶದ ಮೈಕಟ್ಟಂತೆ, ಹಾಲು ಕುಡಿಯದಿದ್ದುದು ನನ್ನ ತವರಿನ ದೋಷವಂತೆ.

ಕೊನೆಗೆ ಅತ್ತೆ ತೀರ್ಮಾನ ಮಾಡಿಬಿಟ್ಟರು. "ತುತ್ತಿನ ಶಾಸ್ತ್ರ ಆಗ್ಲಿ. ಆಮೇಲೆ ಇವಳು ತವರಿಗೆ ಹೋಗಿ ಮೈ ಸುಧಾರಿಸ್ಕೊಂಡು ಬರ್ಲಿ. ಮಗು ನನ್ ತಾವ ಇರ್ಲಿ." ಯಜಮಾನರು ಛಾವಣಿ ನೋಡಿದರು. ನಾನು ಒಲೆಯ ಮುಂದೆ ಕೂತು ಕಣ್ಣೀರು ಹಾಕಿದೆ. ಅಳುವುದಕ್ಕೂ ಹಸಿ ಸೌದೆಯ ನೆವ ಹೇಳಬೇಕಾಯಿತು.

ಹಳೇಬೀಡಿನಲ್ಲಿ ಜಪ್ತಿ

ಊಟಕ್ಕೆ ಮೊದಲನೇ ಪಂಕ್ತಿ, ಎಲೆಗೆ ಮೊದಲು ಹೋಳಿಗೆ ಎಂದು ಮಾತು ಕೊಟ್ಟಮೇಲೆ ಅಣ್ಣ ಒಪ್ಪಿದ. ಶಾಸ್ತ್ರ ಹಳೇಬೀಡಿನ ಈಶ್ವರನ ಗುಡಿಯಲ್ಲಿ. ನಾವು ಬೆಳಿಗ್ಗೆಯೇ ಹೋಗಿ ಕೂತೆವು. ಯುದ್ಧದಿಂದ ಪೆಟ್ರೋಲು ಸಿಗದೆ ಬಸ್ಸುಗಳೆಲ್ಲ ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದ ಕಾಲ; ಅಣ್ಣ ಬರುತ್ತಿದ್ದ ಬಸ್ಸು ಬೇಲೂರು ದಾಟಿದ ಮೇಲೆ ದಿನ್ನೆ ಹತ್ತಲಾರದೆ ನಿಂತಿತಂತೆ. ತಳ್ಳಿ ತಳ್ಳಿ ಬಂದವನ ಮುಖವೆಲ್ಲ ಮಸಿ. ತೊಳೆದುಕೊಂಡು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡ. ಅರ್ಚಕರು ಮಂತ್ರ ಹೇಳಿದರು. ಅಣ್ಣ ಬೆಳ್ಳಿ ಬಟ್ಟಲಿನಿಂದ ಪಾಯಸ ತೆಗೆದು ತುಟಿಗೆ ಮುಟ್ಟಿಸಿದ.

ಮಗು ಬಾಯಿ ಬಿಗಿಯಿತು.

"ನೋಡಿದ್ರಾ, ತಾಯಿ ದೋಷ!" ಎಂದು ಅತ್ತೆ ಹಣೆ ಚಚ್ಚಿಕೊಂಡರು.

ಅಷ್ಟರಲ್ಲಿ ಮಗು ಅಣ್ಣನ ತೊಡೆಯಿಂದ ಜಾರಿ ಅಂಬೆಗಾಲಿಡುತ್ತಾ ಸೀದಾ ಅವರಪ್ಪನ ಹತ್ತಿರ ಹೋಯಿತು. ಜುಬ್ಬದ ಜೇಬಿಗೆ ಕೈ ಹಾಕಿ ಬಿಸ್ಕತ್ತು ಎಳೆಯಿತು. ಯಜಮಾನರು ಮತ್ತೆ ಛಾವಣಿ ನೋಡಿದರು.

"ಏನ್ಲಾ ಇದು? ಕುಲಗೆಡಿಸಿದ್ಯಲ್ಲೋ!" ಎಂದು ಮಾವನವರು ಗುಡುಗಿದರು. ಗುಡುಗು ಮುಗಿಯುವ ಮೊದಲೇ ಮಗು ಅವರ ಕೋಟಿನ ಜೇಬಿಗೆ ಕೈ ಹಾಕಿತ್ತು. ಹೊರಗೆ ಬಂದದ್ದು ಉದ್ದನೆಯ ಕೊಬ್ಬರಿ ಹೋಳು, ತುದಿಯಲ್ಲಿ ಎರಡೇ ಹಲ್ಲಿನ ಗುರುತು.

"ಥೂ, ಅಪ್ಪ ಮಗ ಇಬ್ರೂ ಕಳ್ರು!" ಎಂದು ಅತ್ತೆ ಎದ್ದು ನಿಂತರು. ಮಗು ಅವರ ಸೀರೆ ಹಿಡಿದು ತಾನೂ ಎದ್ದು ನಿಂತಿತು. ಸೊಂಟದಲ್ಲಿದ್ದ ಎಲೆಅಡಿಕೆ ಸಂಚಿಗೆ ಪಳಗಿದ ಕೈ ಹಾಕಿ, ನಶ್ಯದ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ, ಬೆಣ್ಣೆ ಸವರಿದ ರಾಗಿರೊಟ್ಟಿ ಚೂರನ್ನು ತೆಗೆದು ಬಾಯಿಗಿಟ್ಟುಕೊಂಡಿತು.

ಅರ್ಚಕರು ಮಂತ್ರ ಮರೆತರು. ಅಣ್ಣ ಮಾತ್ರ ಪಾಯಸದ ಬಟ್ಟಲನ್ನು ಕೆಳಗೆ ಕುಕ್ಕಿ, "ಏನ್ರೀ ಬೀಗರೇ, ಅವತ್ತು ಹೋಳಿಗೆ ಮುಗಿದ ಮೇಲೆ ಪಂಕ್ತಿಗೆ ಕೂರಿಸಿದ್ರಿ. ಇವತ್ತು ಮೊದಲ ತುತ್ತು ಮುಗಿದ ಮೇಲೆ ಶಾಸ್ತ್ರಕ್ಕೆ ಕರೆಸಿದೀರಾ?" ಎಂದ.

ರೊಟ್ಟಿ ಕಚ್ಚಿಕೊಂಡೇ ಮಗು ನನ್ನ ಮಡಿಲಿಗೆ ಬಂತು. ಮದುವೆಯಾದ ಮೇಲೆ ನಾನು ಮೊದಲ ಸಲ ಅತ್ತೆಯ ಮುಖವನ್ನು ನೇರವಾಗಿ ನೋಡಿ ಕೇಳಿದೆ:

"ಅತ್ತೆ, ನಾನು ತವರಿಗೆ ಯಾವತ್ತು ಹೊರಡಲಿ?"

ಅತ್ತೆ ಸಂಚಿಯ ದಾರ ಬಿಗಿದು ಕಟ್ಟುತ್ತಾ ಅಂದರು:

"ಹೋಗೋದಾದ್ರೆ ಈ ಚಾಡಿಕೋರನ್ನ ಕಟ್ಕೊಂಡೇ ಹೋಗು. ಇವನ್ನ ಮನೇಲಿಟ್ಕೊಂಡು ಮಾನವಾಗಿ ಬಾಳೋದು ಹೆಂಗೆ?"